ಮೊದಲು ಉಳಿತಾಯ, ಆಮೇಲೆ ಸಾಲ: ತಂಗುದಾಣದಲ್ಲಿ ನಾನು ಕಂಡ ನಾಲ್ಕು ವರ್ಷ

ಓದುವ ದಿನಗಳಲ್ಲಿ ನಾನು ನಾಲ್ಕು ವರ್ಷ, ಸೂರಿಲ್ಲದವರು ರಾತ್ರಿ ಕಳೆಯಲು ಬರುವ ಒಂದು ತಂಗುದಾಣದಲ್ಲಿ ಸಹಪಾಠಿಗಳೊಂದಿಗೆ ಸೇರಿ ಉಳಿತಾಯ ಮತ್ತು ಕಿರುಸಾಲದ ಕಾರ್ಯಕ್ರಮವೊಂದನ್ನು ನಡೆಸಿದೆ. ಅಂಥದೇ ಕೆಲಸಕ್ಕೆ ಕೈಹಾಕಲು ಹೊರಟ ವಿದ್ಯಾರ್ಥಿಗಳು ಆಗಾಗ ನನ್ನನ್ನು ಹುಡುಕಿಕೊಂಡು ಬಂದು, ಎಲ್ಲಿಂದ ಶುರು ಮಾಡಬೇಕೆಂದು ಕೇಳುತ್ತಾರೆ. ನಾವು ಶುರು ಮಾಡಿದ್ದೇ ತಪ್ಪು ತುದಿಯಿಂದ. ಅದರ ನಷ್ಟವನ್ನು ಹೊತ್ತವರು ನಾವಲ್ಲ, ನಮ್ಮನ್ನು ನಂಬಿದ ಒಬ್ಬ ಹಿರಿಯರು. ಹಾಗಾಗಿ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ.

ನಮಗೆ ಮೊದಲು ಹೊಳೆದದ್ದು ಸಾಲ. ಬಾಂಗ್ಲಾದೇಶದ ಮುಹಮ್ಮದ್ ಯೂನುಸ್ ಅವರ ಕಥೆ ನಮ್ಮೆಲ್ಲರ ತಲೆಯಲ್ಲಿತ್ತು. ಚಿತ್ತಗಾಂಗ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ ಅವರು 1976ರಲ್ಲಿ ಪಕ್ಕದ ಜೋಬ್ರಾ ಹಳ್ಳಿಯ 42 ಜನರಿಗೆ ಒಟ್ಟು 27 ಡಾಲರ್‌ಗಳಷ್ಟು ಹಣವನ್ನು ತಮ್ಮ ಜೇಬಿನಿಂದ ಕೊಟ್ಟರು. ಆ 42 ಜನರ ಪಟ್ಟಿ ಸಿದ್ಧವಾದದ್ದು ಅವರ ವಿದ್ಯಾರ್ಥಿನಿಯೊಬ್ಬರ ನೆರವಿನಿಂದ. ಅದೇ ಮುಂದೆ 1983ರಲ್ಲಿ, ಬಡವರಿಗೆ ಕಿರುಸಾಲ ಕೊಡುವ ಅಲ್ಲಿನ ಗ್ರಾಮೀಣ ಬ್ಯಾಂಕ್ ಆಯಿತು, 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು. ವಿದ್ಯಾರ್ಥಿಗಳ ಕೈಯಿಂದ ಆಗಬಹುದಾದ ಕೆಲಸವಿದು ಎಂದು ನಮಗೆ ಉತ್ಸಾಹ ಬಂದದ್ದು ಸಹಜವೇ. ಆದರೆ ಜೋಬ್ರಾದ ಆ ಜನರಿಗೆ ಮನೆಗಳಿದ್ದವು, ಬಿದಿರಿನ ಪೀಠ ಹೆಣೆಯುತ್ತಿದ್ದವರು ಅದನ್ನು ರಾತ್ರಿ ಒಳಗಿಟ್ಟು ಬಾಗಿಲು ಹಾಕಿಕೊಳ್ಳಬಹುದಿತ್ತು ಎಂಬ ಸಣ್ಣ ಸಂಗತಿ ನಮ್ಮ ಗಮನಕ್ಕೇ ಬರಲಿಲ್ಲ.

ನಮ್ಮಿಂದ ಮೊದಲ ಸಾಲ ಪಡೆದವರು ಚಪ್ಪಲಿ, ಚೀಲ ಹೊಲಿಯುವ ಕಸುಬು ಬಲ್ಲ ಹಿರಿಯರೊಬ್ಬರು. ಕೈಯಲ್ಲಿ ನಿಜವಾಗಿಯೂ ಕೆಲಸವಿತ್ತು. ಉಳಿ, ದಬ್ಬಳ, ದಾರ, ಚರ್ಮದ ತುಂಡುಗಳನ್ನು ಕೊಳ್ಳಲು ಬೇಕಾದ ಹಣವನ್ನು ಬಡ್ಡಿಯಿಲ್ಲದೆ ಕೊಟ್ಟು, ವಾರಕ್ಕೊಂದು ಕಂತಿನಂತೆ ಹಿಂದಿರುಗಿಸಲು ಒಪ್ಪಂದ ಮಾಡಿಕೊಂಡೆವು. ಎರಡು ಕಂತು ಹೇಳಿದ ದಿನಕ್ಕೆ ಸರಿಯಾಗಿ ಬಂದವು. ಮೂರನೆಯ ವಾರ ಅವರು ಮಲಗಿದ್ದಾಗ ತಲೆದಿಂಬಾಗಿ ಇಟ್ಟುಕೊಂಡಿದ್ದ ಸಾಮಾನಿನ ಚೀಲ ಕಳುವಾಯಿತು. ನಾವು ಕಂತು ತೆಗೆದುಕೊಳ್ಳಲು ಕೂರುತ್ತಿದ್ದುದು ಮಂಗಳವಾರ ಸಂಜೆ. ಅವರು ಮೊದಲು ಮಂಗಳವಾರ ಬರುವುದನ್ನು ಬಿಟ್ಟರು, ಆಮೇಲೆ ರಾತ್ರಿ ಊಟಕ್ಕೆ ಬರುವುದನ್ನು ಬಿಟ್ಟರು, ಕೊನೆಗೆ ಅವರ ಹಾಸಿಗೆಯೂ ಬೇರೆಯವರ ಪಾಲಾಯಿತು. ಪಕ್ಕದ ಹಾಸಿಗೆಯವರನ್ನು ವಿಚಾರಿಸಿದಾಗ ಅವರು ಹೇಳಿದ್ದು ಇಷ್ಟೇ: "ನಿಮ್ಮ ದುಡ್ಡು ಕೊಡದೆ ಯಾವ ಮುಖ ಇಟ್ಟುಕೊಂಡು ಬರಲಿ ಅಂತಿದ್ದ ತಮ್ಮಾ." ಆ ಸಾಲದ ಹಣ ನಮಗೆ ಬಾರದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಒಬ್ಬ ಮನುಷ್ಯನಿಗೆ ಇದ್ದ ಒಂದೇ ಸುರಕ್ಷಿತ ಜಾಗಕ್ಕೆ ಅವರು ಕಾಲಿಡಲಾಗದಂತೆ ಮಾಡಿದ್ದು ನಮ್ಮ ಸಾಲ. ಇದನ್ನು ಬರೆಯುವಾಗ ಈಗಲೂ ಎದೆ ಭಾರವಾಗುತ್ತದೆ.

ಆ ಬಳಿಕ ನಾವು ಹೊಸ ಸಾಲ ಕೊಡುವುದನ್ನು ನಿಲ್ಲಿಸಿ, ಮೊದಲೇ ಮಾಡಬೇಕಿದ್ದ ಕೆಲಸವನ್ನು ಮಾಡಿದೆವು. ಓದಿದೆವು, ಕೇಳಿದೆವು. ಗ್ರಾಮೀಣ ಬ್ಯಾಂಕೇ 2002ರಲ್ಲಿ ಭಿಕ್ಷುಕರಿಗೆಂದು ಬೇರೆಯದೇ ಯೋಜನೆ ತಂದಾಗ ತನ್ನ ಮಾಮೂಲು ನಿಯಮಗಳನ್ನು ಅದಕ್ಕೆ ಅನ್ವಯಿಸಲಿಲ್ಲ. ಬಡ್ಡಿ ಇರಲಿಲ್ಲ, ಇಂತಿಷ್ಟು ದಿನದೊಳಗೆ ತೀರಿಸಬೇಕೆಂಬ ಗಡುವು ಇರಲಿಲ್ಲ, ಭಿಕ್ಷೆ ಬಿಡಬೇಕೆಂಬ ಷರತ್ತೂ ಇರಲಿಲ್ಲ. ಕಿರುಸಾಲವನ್ನು ಹೆಸರುವಾಸಿ ಮಾಡಿದವರೇ, ಕೈಯಲ್ಲಿ ಏನೂ ಇಲ್ಲದವರಿಗೆ ಅದು ಹಾಗೆಯೇ ಒಗ್ಗುವುದಿಲ್ಲವೆಂದು ಒಪ್ಪಿಕೊಂಡಂತಿತ್ತು. ಬೋಸ್ನಿಯಾ, ಇಥಿಯೋಪಿಯಾ, ಭಾರತ, ಮೆಕ್ಸಿಕೊ, ಮಂಗೋಲಿಯಾ, ಮೊರಾಕ್ಕೊ ದೇಶಗಳಲ್ಲಿ ನಡೆದು 2015ರಲ್ಲಿ ಒಟ್ಟಿಗೆ ಪ್ರಕಟವಾದ ಆರು ಅಧ್ಯಯನಗಳೂ ಕಿರುಸಾಲದಿಂದ ಕೆಲವರಿಗೆ ಒಂದಿಷ್ಟು ಅನುಕೂಲವಾಗುತ್ತದೆಯೇ ಹೊರತು ಸರಾಸರಿಯಲ್ಲಿ ಬದುಕು ಬದಲಾಗುವಂಥ ಪರಿಣಾಮ ಕಾಣಲಿಲ್ಲವೆಂದೇ ಹೇಳಿದವು. ಸಾಲವೆಂದರೆ ಮುಂದಿನ ತಿಂಗಳ ಸಂಪಾದನೆಯನ್ನು ಇವತ್ತೇ ಒತ್ತೆ ಇಡುವುದು. ನಾಳೆ ಎಲ್ಲಿ ಮಲಗುತ್ತೇನೆಂದು ಗೊತ್ತಿಲ್ಲದವರ ಮೇಲೆ ಅದನ್ನು ಹೊರಿಸಲು ನಮಗೆ ಯಾವ ಆಧಾರವೂ ಇರಲಿಲ್ಲ.

ಕೇಳಿದ್ದರಿಂದ ತಿಳಿದದ್ದು ಓದಿದ್ದಕ್ಕಿಂತ ಹೆಚ್ಚು. ತಂಗುದಾಣದ ಮೂವತ್ತಕ್ಕೂ ಹೆಚ್ಚು ಜನರ ಬಳಿ ಒಬ್ಬೊಬ್ಬರಾಗಿ ಕುಳಿತು, ದುಡ್ಡು ಸಿಕ್ಕಿದ ದಿನ ಅದನ್ನು ಎಲ್ಲಿ ಇಡುತ್ತೀರಿ ಎಂದು ಕೇಳಿದೆವು. ಒಬ್ಬ ಅಕ್ಕ ತಮ್ಮ ನೋಟುಗಳನ್ನು ನಾಲ್ಕಾಗಿ ಮಡಚಿ, ಮಾತ್ರೆಯ ಖಾಲಿ ಡಬ್ಬಿಯೊಳಗೆ ತುರುಕಿ, ಡಬ್ಬಿಯನ್ನು ಕಾಲುಚೀಲಕ್ಕೆ ಹಾಕಿ, ಅದರ ಮೇಲೆ ಇನ್ನೊಂದು ಕಾಲುಚೀಲ ತೊಡುತ್ತಿದ್ದರು; ಮಳೆಗಾಲದಲ್ಲಿ ನೋಟುಗಳು ಮುದ್ದೆಯಾಗಿ ಅಂಟಿಕೊಂಡಿದ್ದನ್ನು ಬಿಡಿಸಿ ಮೇಜಿನ ಮೇಲೆ ಹರಡಿ ತೋರಿಸಿದರು. ಇನ್ನೊಬ್ಬರು ಕೆಲಸ ಕೊಟ್ಟವರ ಬಳಿಯೇ ಕೂಲಿ ಬಿಟ್ಟು, ಅದರಲ್ಲಿ ಅರ್ಧ ಕಳೆದುಕೊಂಡಿದ್ದರು. ಬಹಳ ಜನ ಹೇಳಿದ ಉತ್ತರ ಮಾತ್ರ ಒಂದೇ: ಕಳ್ಳರ ಪಾಲಾಗುವ ಮೊದಲು ಖರ್ಚು ಮಾಡಿಬಿಡುತ್ತೇವೆ. ಹೊರಗಿನವರು ದುಂದುವೆಚ್ಚವೆಂದು ಜರಿಯುವುದು ಇದನ್ನೇ. ಇಡಲು ಜಾಗವಿಲ್ಲದ ಮನುಷ್ಯನಿಗೆ ಅದು ಲೆಕ್ಕಾಚಾರದ ನಡೆ ಎಂಬುದು ನನಗೆ ಅರ್ಥವಾದದ್ದು ಆ ಮೇಜಿನ ಮುಂದೆ ಕುಳಿತಾಗ. ಅವರಿಗೆ ಬೇಕಾಗಿದ್ದದ್ದು ಬಂಡವಾಳಕ್ಕಿಂತ ಮೊದಲು ಬೀಗವಿರುವ ಒಂದು ಪೆಟ್ಟಿಗೆ.

ಮಾದರಿಗಾಗಿ ನಾವು ನೋಡಿದ್ದು ಢಾಕಾದಲ್ಲಿ ಸ್ಟುವರ್ಟ್ ರುದರ್‌ಫೋರ್ಡ್ 1996ರಲ್ಲಿ ಆರಂಭಿಸಿದ ಸೇಫ್‌ಸೇವ್ ಸಂಸ್ಥೆಯನ್ನು. ಅಲ್ಲಿ ಕೊಳೆಗೇರಿಯ ಸದಸ್ಯರ ಬಾಗಿಲಿಗೆ ಸಂಗ್ರಾಹಕರು ದಿನವೂ ಹೋಗುತ್ತಿದ್ದರು; ಅವತ್ತು ಹಣ ಕಟ್ಟಬಹುದಿತ್ತು, ತೆಗೆಯಬಹುದಿತ್ತು, ಏನೂ ಮಾಡದೆಯೂ ಇರಬಹುದಿತ್ತು. ದಿನವೂ ಹೋಗುವುದು ನಮ್ಮಿಂದ ಆಗುವ ಮಾತಾಗಿರಲಿಲ್ಲವಾದ್ದರಿಂದ ಮಂಗಳವಾರ ಮತ್ತು ಶುಕ್ರವಾರ ಸಂಜೆ, ಊಟಕ್ಕೆ ಮುಂಚಿನ ಒಂದೂವರೆ ಗಂಟೆ ಕೂರುವುದೆಂದು ನಿಶ್ಚಯಿಸಿದೆವು. ಎಷ್ಟು ಚಿಕ್ಕ ಮೊತ್ತವನ್ನೂ ತೆಗೆದುಕೊಳ್ಳುತ್ತಿದ್ದೆವು, ಒಂದೇ ನಾಣ್ಯವಾದರೂ ಸರಿ. ಕಟ್ಟಿದವರ ಕಣ್ಣೆದುರೇ ಎಣಿಸಿ, ಅವರ ಪಾಸ್‌ಬುಕ್‌ನಲ್ಲಿಯೂ ನಮ್ಮ ಲೆಕ್ಕಪುಸ್ತಕದಲ್ಲಿಯೂ ಬರೆದು, ಎರಡರಲ್ಲೂ ಇಬ್ಬರ ಸಹಿ ಇಲ್ಲವೇ ಹೆಬ್ಬೆಟ್ಟು ಹಾಕಿಸುತ್ತಿದ್ದೆವು. ಪೆಟ್ಟಿಗೆಗೆ ಎರಡು ಬೀಗ, ಎರಡು ಕೀಲಿಕೈ, ಎರಡೂ ಒಬ್ಬರ ಬಳಿ ಎಂದಿಗೂ ಇರಕೂಡದು. ಹಣ ಮರುದಿನವೇ ಬ್ಯಾಂಕಿಗೆ ಹೋಗಬೇಕು. ಇಲ್ಲೊಂದು ಎಚ್ಚರಿಕೆಯ ಮಾತು ಹೇಳಲೇಬೇಕು: ಅನುಮತಿಯಿಲ್ಲದೆ ಜನರಿಂದ ಠೇವಣಿ ಸಂಗ್ರಹಿಸುವುದಕ್ಕೆ ಬಹುತೇಕ ದೇಶಗಳಲ್ಲಿ ಕಾನೂನಿನ ಅಡ್ಡಿಯಿದೆ. ನಾವು ವಿದ್ಯಾರ್ಥಿಗಳ ಹೆಸರಿನಲ್ಲಿ ಒಂದು ಕಾಸನ್ನೂ ಇಟ್ಟುಕೊಳ್ಳದೆ, ತಂಗುದಾಣ ನಡೆಸುತ್ತಿದ್ದ ನೋಂದಾಯಿತ ಸಂಸ್ಥೆಯ ಪ್ರತ್ಯೇಕ ಖಾತೆಯ ಮೂಲಕವೇ ಎಲ್ಲವನ್ನೂ ನಡೆಸಿದೆವು. ಅದಕ್ಕೂ ಮುಂಚೆ ವಕೀಲರೊಬ್ಬರ ಸಲಹೆ ಪಡೆದೆವು.

ಮೊದಲ ತಿಂಗಳು ಕಟ್ಟಿದವರು ನಾಲ್ಕೇ ಜನ. ನಾವು ಎಷ್ಟು ವಿವರಿಸಿದರೂ ಐದನೆಯವರು ಮುಂದೆ ಬರಲಿಲ್ಲ. ಒಂದು ಶುಕ್ರವಾರ, ಆ ನಾಲ್ವರಲ್ಲಿ ಒಬ್ಬರು ಬಂದು ಕಟ್ಟಿದ್ದಷ್ಟನ್ನೂ ಈಗಲೇ ಕೊಡಿ ಎಂದರು. ಕಾರಣ ಹೇಳಲಿಲ್ಲ. ನನ್ನ ಪಕ್ಕದಲ್ಲಿದ್ದ ಗೆಳತಿ, ನೀವೇ ಇಟ್ಟುಕೊಂಡ ಉಳಿತಾಯದ ಗುರಿ ಮುಟ್ಟುವ ಮೊದಲೇ ತೆಗೆಯಬೇಡಿ ಎಂದು ಬುದ್ಧಿ ಹೇಳಲು ಬಾಯಿ ತೆರೆದವಳು ನನ್ನ ಮುಖ ನೋಡಿ ಸುಮ್ಮನಾದಳು. ಅವತ್ತು ಸಂಗ್ರಹವಾಗಿದ್ದ ಹಣದಿಂದಲೇ ಎಣಿಸಿ ಕೊಟ್ಟೆವು, ಪುಸ್ತಕದಲ್ಲಿ ಬರೆದೆವು, ಅವರು ಹೋದರು. ಊಟದ ಸಾಲಿನಲ್ಲಿ ನಿಂತಿದ್ದವರೆಲ್ಲ ಅದನ್ನು ನೋಡುತ್ತಿದ್ದರು. ಮುಂದಿನ ಮಂಗಳವಾರ ಹೊಸದಾಗಿ ಒಂಬತ್ತು ಪಾಸ್‌ಬುಕ್ ಬರೆಯಬೇಕಾಯಿತು. ಮೊತ್ತಮೊದಲು ಬಂದು ನಿಂತವರು ಎಲ್ಲವನ್ನೂ ತೆಗೆದುಕೊಂಡು ಹೋಗಿದ್ದ ಅದೇ ವ್ಯಕ್ತಿ, ಅದೇ ನೋಟುಗಳೊಂದಿಗೆ. ಕೇಳಿದ ಕ್ಷಣ ತುಟಿಪಿಟಕ್ಕೆನ್ನದೆ ಹಣ ಹಿಂದಿರುಗಿಸುವುದೇ ನಮ್ಮ ಕಾರ್ಯಕ್ರಮದ ಅಡಿಪಾಯವೆಂದು ಅಂದಿನಿಂದ ಹೊಸಬರಿಗೆಲ್ಲ ಹೇಳಿಕೊಡುತ್ತ ಬಂದೆವು.

ಗುರಿ ಮುಟ್ಟಿದವರಿಗೆ ಅವರ ಉಳಿತಾಯದ ಹತ್ತನೆಯ ಒಂದು ಭಾಗವನ್ನು ನಮ್ಮ ನಿಧಿಯಿಂದ ಸೇರಿಸಿ ಕೊಡುತ್ತಿದ್ದೆವು. ಬಡವರ ಉಳಿತಾಯಕ್ಕೆ ಹೀಗೆ ಹೊರಗಿನಿಂದ ಪಾಲು ಸೇರಿಸುವ ವಿಚಾರವನ್ನು 1991ರಲ್ಲಿ ಮೈಕೆಲ್ ಶೆರಾಡನ್ ಎಂಬ ಅಮೆರಿಕದ ವಿದ್ವಾಂಸರು ವಿಸ್ತಾರವಾಗಿ ಮಂಡಿಸಿದ್ದರು. ಗುರಿಯನ್ನು ಅವರವರೇ ಹೇಳಬೇಕು, ನಾವು ತಿದ್ದಬಾರದು ಎಂಬುದು ನಮ್ಮ ನಿಯಮವಾಗಿತ್ತು: ಗುರುತಿನ ಚೀಟಿಯ ಶುಲ್ಕ, ಕನ್ನಡಕ, ಮಗಳನ್ನು ನೋಡಲು ಹೋಗುವ ಬಸ್ಸಿನ ಖರ್ಚು, ಹೀಗೆ. ಸತತ ಮೂರು ವಾರ ಕಟ್ಟದಿದ್ದರೆ ಪಾಲು ಇಲ್ಲವೆಂಬ ಷರತ್ತನ್ನೂ ಮೊದಲು ಹಾಕಿದ್ದೆವು. ಆಸ್ಪತ್ರೆ ಸೇರಿದ್ದವರೊಬ್ಬರು ಅದರಿಂದಾಗಿ ತಮ್ಮ ಪಾಲು ಕಳೆದುಕೊಂಡ ಮೇಲೆ ಆ ಷರತ್ತನ್ನು ಕಿತ್ತುಹಾಕಿ, ಅವರಿಗೆ ಸಲ್ಲಬೇಕಾದದ್ದನ್ನು ಕೊಟ್ಟೆವು.

ಸ್ವಂತ ಬ್ಯಾಂಕ್ ಖಾತೆ ಮಾಡಿಸಿಕೊಡುವುದು ಎಲ್ಲಕ್ಕಿಂತ ನಿಧಾನದ ಕೆಲಸ. ವಿಳಾಸವಿಲ್ಲದೆ ಗುರುತಿನ ಚೀಟಿಯಿಲ್ಲ, ಚೀಟಿಯಿಲ್ಲದೆ ಖಾತೆಯಿಲ್ಲ, ಖಾತೆಯಿಲ್ಲದಿದ್ದರೆ ಸಂಬಳ ಕೊಡುವ ಕೆಲಸ ಸಿಗುವುದು ಕಷ್ಟ. ತಂಗುದಾಣದ ವಿಳಾಸವನ್ನು ಪತ್ರವ್ಯವಹಾರಕ್ಕೆ ಬಳಸಲು ಲಿಖಿತ ಒಪ್ಪಿಗೆ ಪಡೆದು, ಒಬ್ಬೊಬ್ಬರ ಜೊತೆಗೂ ಒಬ್ಬ ವಿದ್ಯಾರ್ಥಿ ಕಚೇರಿಯಿಂದ ಕಚೇರಿಗೆ ಹೋಗುವುದೆಂದು ಮಾಡಿಕೊಂಡೆವು. ಒಂದು ಬ್ಯಾಂಕ್ ಶಾಖೆಯಲ್ಲಿ, ನನ್ನ ಜೊತೆ ಬಂದಿದ್ದ ತಂಗುದಾಣದ ಅಮ್ಮನೊಬ್ಬರನ್ನು ಹೊರಗೆ ನಿಲ್ಲಿಸಿ ನನ್ನನ್ನು ಮಾತ್ರ ಒಳಗೆ ಕರೆದರು. ನಾನು ಒಳಗೆ ಹೋಗಲಿಲ್ಲ. ಬೇರೆ ಶಾಖೆಗೆ ಹೋದೆವು, ಅಲ್ಲಿ ಕೆಲಸವಾಯಿತು. ಸರ್ಕಾರದ ನೆರವು ಪಡೆಯುವವರ ವಿಷಯದಲ್ಲಿ ಇನ್ನೊಂದನ್ನೂ ನೋಡಿಕೊಳ್ಳಬೇಕು: ಉಳಿತಾಯ ಒಂದು ಮಿತಿ ದಾಟಿದರೆ ನೆರವು ಕಡಿತವಾಗುವ ನಿಯಮ ಕೆಲವು ಯೋಜನೆಗಳಲ್ಲಿರುತ್ತದೆ. ಇದನ್ನು ವಿಚಾರಿಸದೆ ಉಳಿಸಿ ಎನ್ನುವುದು ಅವರ ಅನ್ನಕ್ಕೆ ಕೈಹಾಕಿದಂತೆ.

ಇನ್ನು ವಿದ್ಯಾರ್ಥಿಗಳ ದೌರ್ಬಲ್ಯ. ಪರೀಕ್ಷೆ ಬಂದರೆ ನಾವು ಮಾಯವಾಗುತ್ತೇವೆ, ರಜೆ ಬಂದರೆ ಮನೆಗೆ ಹೋಗುತ್ತೇವೆ, ಓದು ಮುಗಿದರೆ ಹೊರಟೇ ಹೋಗುತ್ತೇವೆ. ಬದುಕಿನಲ್ಲಿ ಬಂದವರೆಲ್ಲ ಬಿಟ್ಟುಹೋದದ್ದನ್ನೇ ಕಂಡವರಿಗೆ ಇದು ಸಣ್ಣ ಏಟಲ್ಲ. ಒಮ್ಮೆ ಪರೀಕ್ಷೆಯ ಎರಡು ವಾರ ಮೇಜು ಮುಚ್ಚಿದ್ದಾಗ, ದುಡ್ಡು ತೆಗೆದುಕೊಂಡು ಓಡಿಹೋದರು ಎಂಬ ಸುದ್ದಿ ಹಬ್ಬಿ, ನಾವು ಮರಳಿದ ದಿನವೇ ಅರ್ಧಕ್ಕರ್ಧ ಜನ ತಮ್ಮ ಹಣ ಹಿಂಪಡೆದರು. ಆಮೇಲೆ ಬೇರೆ ಬೇರೆ ವಿಭಾಗಗಳ, ಬೇರೆ ಬೇರೆ ದಿನ ಪರೀಕ್ಷೆಯಿರುವ ವಿದ್ಯಾರ್ಥಿಗಳನ್ನು ಸೇರಿಸಿಕೊಂಡೆವು. ರಜೆಯಲ್ಲಿ ಮೇಜು ನೋಡಿಕೊಳ್ಳಲು ತಂಗುದಾಣದ ಇಬ್ಬರು ಸಿಬ್ಬಂದಿಗೆ ಲೆಕ್ಕ ಕಲಿಸಿದೆವು. ಹೊರಡುವವರು ತಮ್ಮ ಜಾಗಕ್ಕೆ ಬರುವವರ ಜೊತೆ ಎರಡು ತಿಂಗಳು ಒಟ್ಟಿಗೆ ಕುಳಿತು, ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಪರಿಚಯಿಸಬೇಕೆಂದು ಗೊತ್ತುಮಾಡಿದೆವು.

ಸಾಲವನ್ನು ಮತ್ತೆ ಆರಂಭಿಸಿದ್ದು ಮೂರನೆಯ ವರ್ಷದಲ್ಲಿ, ತೀರಾ ಸಣ್ಣ ಪ್ರಮಾಣದಲ್ಲಿ. ಕನಿಷ್ಠ ಆರು ತಿಂಗಳು ಉಳಿಸಿ, ಬಾಡಿಗೆ ಕೋಣೆಯ ಮುಂಗಡದ ಅರ್ಧವನ್ನು ತಾವೇ ಕೂಡಿಸಿದವರಿಗೆ ಉಳಿದರ್ಧ ಸಾಲ. ಕಂತಿನ ದಿನಾಂಕ ಇರಲಿಲ್ಲ. ಸಂಪಾದನೆ ಇದ್ದ ವಾರ ಕಟ್ಟುವುದು, ಇಲ್ಲದ ವಾರ ಬಂದು ಇಲ್ಲವೆಂದು ಹೇಳಿಹೋಗುವುದು. ಹಣ ತಾರದೆ ಬಂದವರನ್ನೂ ಕೂರಿಸಿ ಮಾತಾಡಿಸುತ್ತಿದ್ದೆವು, ಪುಸ್ತಕದಲ್ಲಿ "ಬಂದಿದ್ದರು" ಎಂದು ಬರೆಯುತ್ತಿದ್ದೆವು. ಸಾಲ ಪಡೆದವರು ಹನ್ನೊಂದು ಜನ. ಎಂಟು ಜನ ಪೂರ್ತಿ ತೀರಿಸಿದರು, ಇಬ್ಬರು ನಾನು ಹೊರಡುವವರೆಗೂ ಸ್ವಲ್ಪಸ್ವಲ್ಪವೇ ಕಟ್ಟುತ್ತಿದ್ದರು. ಒಬ್ಬರದು ಆಗಲಿಲ್ಲ, ಆದರೂ ಅವರು ಮಂಗಳವಾರ ಬರುವುದನ್ನು ಬಿಡಲಿಲ್ಲ.

ಚಪ್ಪಲಿ ಹೊಲಿಯುತ್ತಿದ್ದ ಹಿರಿಯರು ಮತ್ತೆ ಸಿಗಲಿಲ್ಲ. ಬಸ್ ನಿಲ್ದಾಣದಲ್ಲಿ, ಆಸ್ಪತ್ರೆಯಲ್ಲಿ, ಬೇರೆ ತಂಗುದಾಣಗಳಲ್ಲಿ ಹುಡುಕಿದೆವು. ಲೆಕ್ಕಪುಸ್ತಕ ತುಂಬಿ ಹೊಸದು ತೆರೆದಾಗಲೆಲ್ಲ ಅವರ ಪುಟವನ್ನು ಅದರ ಮೊದಲ ಹಾಳೆಗೆ ನಕಲು ಮಾಡುತ್ತಿದ್ದೆವು. ಈಗ ಆ ಮೇಜಿನಲ್ಲಿ ಕೂರುವ ವಿದ್ಯಾರ್ಥಿಗಳು ಅವರನ್ನು ನೋಡಿದವರಲ್ಲ, ಆದರೂ ಹಾಗೆಯೇ ಬರೆದುಕೊಂಡು ಬರುತ್ತಿದ್ದಾರೆ: ಹೆಸರು, ಕಸುಬು, ಎಡಗೈ ಹೆಬ್ಬೆರಳಲ್ಲಿ ಉಳಿಯ ಗಾಯದ ಗುರುತು, ಅದರ ಕೆಳಗೆ "ಬಾಕಿ ಏನೂ ಇಲ್ಲ. ಬಂದರೆ ಮೊದಲು ಊಟಕ್ಕೆ ಕೂರಿಸಿ."