ಹಳ್ಳದಲ್ಲಿ ಸಿಕ್ಕ ಜಾಲರಿ: ಹಳೇ ಫೈರ್ ಇಂಜಿನ್ನೊಂದು ಮತ್ತೆ ನೀರೆಳೆದದ್ದು

ಅಂಕೋಲೆಯ ಹೆದ್ದಾರಿ ಬದಿಯಲ್ಲಿ ನನ್ನ ಗ್ಯಾರೇಜು. ಅರಬೈಲ್ ಘಟ್ಟ ಇಳಿದು ಬರುವ ಲಾರಿಗಳ ಬ್ರೇಕು, ಕ್ಲಚ್ಚು, ಡೀಸೆಲ್ ಪಂಪು ನೋಡುವುದೇ ಇಪ್ಪತ್ತೆಂಟು ವರ್ಷದಿಂದ ನನ್ನ ಕೆಲಸ. 2018ರ ಡಿಸೆಂಬರಿನಲ್ಲಿ ಘಟ್ಟದ ಮೇಲೆ ಮುಚ್ಚಿಹೋದ ಒಂದು ಮರದ ಕಾರ್ಖಾನೆಯ ಸಾಮಾನು ಹರಾಜಾಗುತ್ತಿದೆ ಎಂದು ಕೇಳಿ ಒಂದು ಕಂಪ್ರೆಸರ್ ಸಿಕ್ಕೀತೇನೋ ಎಂದು ಹೋಗಿದ್ದೆ. ಹಿತ್ತಲಲ್ಲಿ, ಮುಳ್ಳುಕಂಟಿಯ ನಡುವೆ, ಮೂತಿ ಮುಂದಕ್ಕೆ ಚಾಚಿದ ಹಳೇ ಟಾಟಾ ಮರ್ಸಿಡಿಸ್ ಫೈರ್ ಇಂಜಿನ್ ನಿಂತಿತ್ತು. ಹಿಂದೆ ನೀರಿನ ಟ್ಯಾಂಕು, ಅದರ ಹಿಂದೆ ಪಂಪು, ಮೇಲೆ ಏಣಿ ಇಡುವ ಕಬ್ಬಿಣದ ಕಮಾನು. ಗುಜರಿಯವನು ತೂಕದ ಲೆಕ್ಕದಲ್ಲಿ ಕೂಗಿದ್ದ. ಅವನಿಗಿಂತ ಸ್ವಲ್ಪ ಮೇಲೆ ಕೂಗಿ ನಾನೇ ತೆಗೆದುಕೊಂಡೆ. ಕಂಪ್ರೆಸರ್ ತರಲಿಲ್ಲ.

ಟಾಟಾದವರು ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ ಸೇರಿ ಜಮ್ಶೆಡ್‌ಪುರದಲ್ಲಿ ಲಾರಿ ಕಟ್ಟತೊಡಗಿದ್ದು 1954ರಲ್ಲಿ. ಆ ಒಪ್ಪಂದ 1969ಕ್ಕೆ ಮುಗಿಯಿತು. ಮುಂದಿನ ಜಾಳಿಯ ಮೇಲೆ ಮೂರು ಮೊನೆಯ ನಕ್ಷತ್ರ ಇದ್ದರೆ ಆ ಹದಿನೈದು ವರ್ಷದೊಳಗಿನ ಗಾಡಿ ಎಂದು ನಮ್ಮ ಹಳೇ ಮಿಸ್ತ್ರಿಗಳು ಗುರುತು ಹಿಡಿಯುತ್ತಿದ್ದರು. ನನ್ನ ಗಾಡಿಯಲ್ಲಿ ನಕ್ಷತ್ರ ಇರಲಿಲ್ಲ, ಅದು ಇದ್ದ ಜಾಗದಲ್ಲಿ ಎರಡು ತೂತು ಮಾತ್ರ. ಚಾಸಿಯ ತಗಡು ಉಜ್ಜಿ ನೋಡಿದ ಮೇಲೆ ಅನುಮಾನ ಉಳಿಯಲಿಲ್ಲ.

ಇಂಥ ಗಾಡಿ ಎತ್ತಿಕೊಳ್ಳುವವರಿಗೆ ಮೊದಲೇ ಒಂದು ಮಾತು ಹೇಳುತ್ತೇನೆ. ಲಾರಿಯ ಸಾಮಾನಿಗೆ ಹೆದರಬೇಡಿ. ನಕ್ಷತ್ರ ಹೋಗಿ ಟಾಟಾ ಗುರುತು ಬಂದ ಮೇಲೂ ಆ ಎಂಜಿನ್ನಿನ ವಂಶ ನಮ್ಮ ರಸ್ತೆಗಳಲ್ಲಿ ದಶಕಗಟ್ಟಲೆ ಓಡಿತು. ಗ್ಯಾಸ್ಕೆಟ್, ಬೇರಿಂಗ್, ಪಿಸ್ಟನ್, ಕ್ಲಚ್ ಪ್ಲೇಟ್‌ಗೆ ಹುಬ್ಬಳ್ಳಿಯಲ್ಲಿ ನಾಲ್ಕು ಅಂಗಡಿ ತಿರುಗಿದರೆ ಒಂದರ ಅಟ್ಟದ ಮೇಲಾದರೂ ಧೂಳು ಹಿಡಿದ ಡಬ್ಬಿ ಸಿಗುತ್ತದೆ. 8.25-20 ಟೈರು ಇವತ್ತಿಗೂ ಬರುತ್ತದೆ. ಸಿಗದೇ ಇರುವುದು ಪಂಪಿನ ಸಾಮಾನು. ಅದೆಲ್ಲ ಹಿತ್ತಾಳೆ, ತಾಮ್ರ ತವರ ಬೆರೆಸಿದ ಗನ್‌ಮೆಟಲ್. ಗಾಡಿ ನಿಂತ ಮರುವರ್ಷವೇ ಯಾರೋ ಬಿಚ್ಚಿ ಮಾರಿರುತ್ತಾರೆ. ನನ್ನದರಲ್ಲಿ ನೀರು ಹೊರಬಿಡುವ ಡೆಲಿವರಿ ವಾಲ್ವಿನ ಎರಡು ಚಕ್ರ, ಪೈಪು ಜೋಡಿಸುವ ಕಪ್ಲಿಂಗ್, ಗೇಜು, ಗಂಟೆ, ನೀರೆಳೆಯುವ ಸಕ್ಷನ್ ಪೈಪಿನ ತುದಿಯ ಜಾಲರಿ ಯಾವುದೂ ಇರಲಿಲ್ಲ.

ಎಂಜಿನ್ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. ಆರು ಸಿಲಿಂಡರು, 90 ಮಿ.ಮೀ. ಬೋರು, 120 ಮಿ.ಮೀ. ಸ್ಟ್ರೋಕು. ಎರಡು ಸಿಲಿಂಡರಿನೊಳಗೆ ತುಕ್ಕು ಕೂತು ಪಿಸ್ಟನ್ ಹಿಡಿದಿತ್ತು. ಡೀಸೆಲ್ಲೂ ಗೇರ್ ಎಣ್ಣೆಯೂ ಬೆರೆಸಿ ಹನ್ನೊಂದು ದಿನ ನೆನೆಸಿಟ್ಟು, ಸುತ್ತಿಗೆ ಮುಟ್ಟಿಸದೆ ಬಿಡಿಸಿದೆ. ಸ್ಟಾರ್ಟಿಗೆ ಮೊದಲು ಸಿಲಿಂಡರು ಬಿಸಿ ಮಾಡುವ ಹೀಟರ್ ಪ್ಲಗ್ಗು ಒಂದರ ಬಾಲಕ್ಕೆ ಒಂದು ಸೇರಿಸಿದ ಹಳೇ ಪದ್ಧತಿಯದು, ಆರರಲ್ಲಿ ಒಂದು ಸತ್ತರೆ ಆರೂ ಸತ್ತಂತೆ. ಅದನ್ನು ಬದಲಿಸಿ ಈಗಿನ ರೀತಿ ಮಾಡು ಎಂದು ಹಲವರು ಹೇಳಿದರು. ನಾನು ಮಾಡಲಿಲ್ಲ. ಡ್ಯಾಶ್ ಮೇಲೆ ಸಣ್ಣ ಜಾಳಿಯ ಹಿಂದೆ ತಂತಿಯ ಸುರುಳಿ ಕೆಂಪಾಗುವುದನ್ನು ನೋಡಿ ಸ್ಟಾರ್ಟ್ ಕೊಡುವುದು ಈ ಗಾಡಿಯ ಚಾಲಕ ದಿನಾ ಮಾಡುತ್ತಿದ್ದ ಕೆಲಸ. ಅದನ್ನು ತೆಗೆದರೆ ಗಾಡಿಯ ಅರ್ಧ ಗುಣ ಹೋಗುತ್ತದೆ.

ಮೊದಲ ಸಲ ಸ್ಟಾರ್ಟ್ ಮಾಡಿದ ದಿನ ಮಾತ್ರ ಜೀವ ಬಾಯಿಗೆ ಬಂತು. ಹಿಡಿದದ್ದೇ ಎಂಜಿನ್ ಏರತೊಡಗಿತು, ಆಕ್ಸಿಲರೇಟರ್ ಬಿಟ್ಟರೂ ಏರುತ್ತಲೇ ಹೋಯಿತು. ಸ್ಟಾಪ್ ಕೇಬಲ್ ಎಳೆದು ನಿಲ್ಲಿಸಿದೆ. ಈ ಎಂಜಿನ್ನಿನ ವೇಗ ಹಿಡಿತದಲ್ಲಿಡುವ ಗವರ್ನರ್ ಗಾಳಿಯ ಎಳೆತದಿಂದ ನಡೆಯುವಂಥದ್ದು. ಗಾಳಿ ಒಳಗೆ ಹೋಗುವ ಗಂಟಲಿನಲ್ಲಿ ಒಂದು ರೆಕ್ಕೆ, ಅಲ್ಲಿಂದ ಸಪೂರ ಕೊಳವೆ, ಕೊಳವೆಯ ತುದಿಗೆ ಚರ್ಮದ ಪರದೆ. ಪರದೆ ಎಳೆದುಕೊಂಡಷ್ಟೂ ಡೀಸೆಲ್ ಕಡಿಮೆ. ಪರದೆ ಹರಿದಿದ್ದರೆ ಎಳೆಯುವವರೇ ಇಲ್ಲ, ಪಂಪು ಪೂರ್ತಿ ಡೀಸೆಲ್ ಕೊಡುತ್ತದೆ. ನನ್ನದು ಒಣಗಿ ಅಂಚಿನಲ್ಲಿ ಬೆರಳುದ್ದ ಸೀಳಿತ್ತು. ಬೆಂಕಿ ಆರಿಸುವ ಗಾಡಿಗೆ ಇದು ಸಣ್ಣ ವಿಷಯ ಅಲ್ಲ. ರಸ್ತೆಯಲ್ಲಿ ಎಂಜಿನ್ ಸ್ವಲ್ಪ ಏರಿಳಿದರೆ ನಡೆಯುತ್ತದೆ. ಪಂಪು ತಿರುಗಿಸುವಾಗ ಏರಿಳಿದರೆ ನೀರಿನ ಒತ್ತಡವೂ ಏರಿಳಿಯುತ್ತದೆ, ಪೈಪಿನ ತುದಿ ಹಿಡಿದು ನಿಂತವನ ಕೈ ಎಳೆದಾಡುತ್ತದೆ. ಹುಬ್ಬಳ್ಳಿಯ ಒಬ್ಬ ಹಿರಿಯ ಡೀಸೆಲ್ ಪಂಪ್ ಮಿಸ್ತ್ರಿ ತನ್ನ ಮೇಜಿನ ಖಾನೆಯಿಂದ ಹೊಸ ಪರದೆಯೊಂದನ್ನು ತೆಗೆದುಕೊಟ್ಟರು. ಎಣ್ಣೆಯಲ್ಲಿ ಒಂದು ರಾತ್ರಿ ಮೆತ್ತಗಾಗಿಸಿ ಹಾಕು ಎಂದರು. ದುಡ್ಡು ಬೇಡವೆಂದರು. ನಾನು ಒತ್ತಾಯ ಮಾಡಿ ಕೊಟ್ಟು ಬಂದೆ.

ಇನ್ನು ನೀರಿನ ಪಂಪು. ಎರಕದ ಕಬ್ಬಿಣದ ಹೊಟ್ಟೆ, ಒಳಗೆ ತಿರುಗಿ ನೀರು ಎಸೆಯುವ ಗನ್‌ಮೆಟಲ್ ಇಂಪೆಲ್ಲರ್. ಇಂಪೆಲ್ಲರಿನ ಕತ್ತಿನ ಸುತ್ತ ಕೂರುವ ಉಂಗುರಗಳು ಸವೆದು ಹೋಗಿದ್ದವು. ಅವು ಸವೆದರೆ ಒತ್ತಿದ ನೀರು ಮುಂದೆ ಹೋಗುವ ಬದಲು ಸಂದಿಯಿಂದ ಹಿಂದಕ್ಕೇ ಸುತ್ತುತ್ತದೆ. ಅಳತೆ ತೆಗೆದು ಬೆಳಗಾವಿಯ ಉದ್ಯಮಬಾಗಕ್ಕೆ ಹೋಗಿ ಹೊಸ ಉಂಗುರ ಎರಕ ಹೊಯ್ಯಿಸಿ ತಿರುಗಿಸಿ ತಂದೆ. ಇದು ಮೂಲದ ಸಾಮಾನಲ್ಲ, ಒಪ್ಪುತ್ತೇನೆ. ಆದರೆ ಸವೆಯಲೆಂದೇ ಮಾಡಿದ ಸಾಮಾನನ್ನು ಮೂಲದ್ದೇ ಬೇಕೆಂದು ಹುಡುಕುವುದು ತಪ್ಪು ಎಂದು ನನ್ನ ಅಭಿಪ್ರಾಯ. ಆ ಕಾಲದ ಫೈರ್‌ಮನ್ನರೂ ಅದನ್ನು ಬದಲಿಸುತ್ತಲೇ ಇದ್ದರು. ಹುಡುಕಬೇಕಾದದ್ದು ಸವೆಯದೆ ಕಳೆದುಹೋದದ್ದನ್ನು.

ಆ ಕಾರ್ಖಾನೆಯಲ್ಲಿ ಈ ಗಾಡಿಯ ಮೇಲೆ ಹತ್ತೊಂಬತ್ತು ವರ್ಷ ಕೆಲಸ ಮಾಡಿದ ಹಿರಿಯರೊಬ್ಬರು ಯಲ್ಲಾಪುರದ ಹತ್ತಿರ ಇದ್ದಾರೆಂದು ತಿಳಿಯಿತು. ಹೋಗಿ ಕಂಡೆ. ಗಾಡಿಯ ಫೋಟೋ ನೋಡಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ತಮಾ, ಸಕ್ಷನ್ ಪೈಪಿನ ತುದಿಗೆ ಏನು ಹಾಕ್ತೆ?" ಎಂದರು. ಜಾಲರಿ ಮಾಡಿಸ್ತೇನೆ ಎಂದೆ. "ಮಾಡಿಸೂದು ಬೇಡ. ಮೊದಲು ಒಂದು ಸಲ ಸಾಮಾನು ಲಿಲಾವು ಹಾಕಿದ್ರು. ಜಾಲರಿ, ಪೈಪು ಎಲ್ಲ ಶಿರಸಿ ಕಡೆ ತೋಟದವರು ತಗಂಡು ಹೋದ್ರು. ಹಳ್ಳದಿಂದ ತೋಟಕ್ಕೆ ನೀರು ಎತ್ತೂಕೆ."

ಇದು ನನಗೆ ಹೊಳೆದೇ ಇರಲಿಲ್ಲ. ನಾನು ಗುಜರಿ ಅಂಗಡಿಗಳನ್ನೇ ಸುತ್ತುತ್ತಿದ್ದೆ. ಮುಂದಿನ ಮೂರು ತಿಂಗಳು ಭಾನುವಾರ ಬಂತೆಂದರೆ ದೇವಿಮನೆ ಘಟ್ಟ ಹತ್ತಿ ಶಿರಸಿ ಕಡೆಗೆ ಹೋದೆ. ಮೋಟಾರು ವೈಂಡಿಂಗ್ ಮಾಡುವವರ ಹತ್ತಿರ ವಿಚಾರಿಸಿದೆ, ಯಾರ ತೋಟದಲ್ಲಿ ಹಳೇ ಹಿತ್ತಾಳೆ ಜಾಲರಿ ಇದೆ ಎಂದು ಅವರಿಗೆ ಗೊತ್ತಿರುತ್ತದೆ. ಆರನೇ ಮನೆಯಲ್ಲಿ ಸಿಕ್ಕಿತು. ಅಡಿಕೆ ತೋಟದ ಕೆಳಗಿನ ಹಳ್ಳದ ಗುಂಡಿಯಲ್ಲಿ, ಪಾಚಿ ಹಿಡಿದು, ಒಂದು ಪಿವಿಸಿ ಪೈಪಿಗೆ ತಂತಿ ಸುತ್ತಿ ಕಟ್ಟಿದ್ದರು. ಮೇಲೆತ್ತಿ ತೊಳೆದರೆ ಕಪ್ಲಿಂಗಿನ ದುಂಡು ಮರೆ, ಅಂದರೆ ತಿರುಪಿನ ಹಲ್ಲು, ಹಾಗೇ ಇತ್ತು. ಬೆಂಕಿ ಪಂಪಿನ ಸಕ್ಷನ್ನಿಗೆ ಚೂಪು ಮರೆ ಇಡುವುದಿಲ್ಲ, ಮಣ್ಣು ಮರಳು ಮೆತ್ತಿದರೂ ಅವಸರದಲ್ಲಿ ಕೈಯಿಂದಲೇ ತಿರುಗಬೇಕೆಂದು ಹಲ್ಲನ್ನು ದುಂಡಗೆ ಮಾಡಿರುತ್ತಾರೆ. ಅದನ್ನು ಕಂಡೇ ಗುರುತು ಹಿಡಿದೆ. "ಅಪ್ಪನ ಕಾಲದ್ದು ಮಾರಾಯಾ, ನಿಂಗೆ ಎಂತಕ್ಕೆ?" ಎಂದು ತೋಟದ ಹೆಗಡೇರು ಕೇಳಿದರು. ಹೇಳಿದೆ. ಅದರ ಬದಲು ಪೈಪಿನ ಬುಡಕ್ಕೆ ಹಾಕುವ ಹೊಸ ಫುಟ್ ವಾಲ್ವ್ ತಂದು ಅವರ ಪಂಪಿಗೆ ನಾನೇ ಕೂರಿಸಿಕೊಟ್ಟೆ, ಅವರು ಜಾಲರಿ ಕೊಟ್ಟರು, ಊಟ ಹಾಕಿ ಕಳಿಸಿದರು.

ಜಾಲರಿಯ ಮೇಲೆ ಇನ್ನೊಂದು ಹೊದಿಕೆ ಬೇಕು, ಎಲೆ ಕಸ ತಡೆಯಲು ಬೆತ್ತದ ಬುಟ್ಟಿ. ಹಳೇ ಫೈರ್ ಇಂಜಿನ್ನುಗಳಲ್ಲಿ ಅದು ಇದ್ದೇ ಇರುತ್ತಿತ್ತು. ಬೆತ್ತ ಹೆಣೆಯುವವರು ನಮ್ಮ ಘಟ್ಟದಲ್ಲಿ ಇನ್ನೂ ಇದ್ದಾರೆ. ಯಲ್ಲಾಪುರದ ಹಿರಿಯರು ಕೈಯಲ್ಲಿ ಅಳತೆ ತೋರಿಸಿದರು, ಬುಟ್ಟಿ ತಯಾರಾಯಿತು.

ಎಲ್ಲ ಜೋಡಿಸಿ ನಿರ್ವಾತ ಪರೀಕ್ಷೆ ಮಾಡಿದಾಗ ಗೇಜಿನ ಮುಳ್ಳು ನಿಲ್ಲಲಿಲ್ಲ. ಇಂಪೆಲ್ಲರ್ ತಿರುಗಿಸುವ ಇಂಥ ಸೆಂಟ್ರಿಫ್ಯೂಗಲ್ ಪಂಪು ತಾನಾಗಿ ಗಾಳಿ ಎಳೆಯಲಾರದು, ಮೊದಲು ಒಳಗಿನ ಗಾಳಿ ಖಾಲಿ ಮಾಡಿದರೆ ಹೊರಗಿನ ವಾತಾವರಣವೇ ನೀರನ್ನು ಮೇಲಕ್ಕೆ ದೂಡುತ್ತದೆ. ಲೆಕ್ಕದಲ್ಲಿ ಸುಮಾರು 10 ಮೀಟರ್, ಕೆಲಸದಲ್ಲಿ 7 ಮೀಟರ್ ಸಿಕ್ಕಿದರೆ ಒಳ್ಳೆ ಪಂಪು. ಗಾಳಿ ಖಾಲಿ ಮಾಡಲು ನನ್ನ ಗಾಡಿಯಲ್ಲಿ ಸೈಲೆನ್ಸರಿನ ಹೊಗೆಯನ್ನೇ ತಿರುಗಿಸಿ ಸಣ್ಣ ಮೂತಿಯೊಳಗೆ ನುಗ್ಗಿಸುವ ಏರ್ಪಾಡು ಇತ್ತು. ಆ ರಭಸಕ್ಕೆ ಪಂಪಿನೊಳಗಿನ ಗಾಳಿಯೂ ಎಳೆದುಕೊಂಡು ಹೊರಬರುತ್ತದೆ. ಮಸಿ ಕೆರೆದು ತೆಗೆದ ಮೇಲೆ ಅದು ಚೆನ್ನಾಗಿಯೇ ಎಳೆಯುತ್ತಿತ್ತು. ಆದರೂ ಮುಳ್ಳು ಏರಿದಷ್ಟೇ ಬೇಗ ಇಳಿಯುತ್ತಿತ್ತು. ಎಲ್ಲಿಂದಲೋ ಗಾಳಿ ಒಳಗೆ ಹೋಗುತ್ತಿದೆ.

ನನ್ನ ಹೆಂಡತಿ ದೇವರ ಕೋಣೆಯಿಂದ ಊದುಬತ್ತಿ ತಂದುಕೊಟ್ಟಳು. ಹಚ್ಚಿ ಒಂದೊಂದು ಜೋಡಣೆಯ ಹತ್ತಿರ ಹಿಡಿದೆ. ಶಾಫ್ಟು ಹೊರಬರುವ ಗ್ಲ್ಯಾಂಡಿನ ಹತ್ತಿರ ಹೊಗೆ ನೇರ ಒಳಗೆ ಹೋಯಿತು. ಶಾಫ್ಟಿನ ಸುತ್ತಲ ಸಂದಿ ಮುಚ್ಚಲು ನಾನು ಹಾಕಿದ ಪ್ಯಾಕಿಂಗ್ ಹಗ್ಗ ಸರಿಯಾಗಿ ಕೂತಿರಲಿಲ್ಲ. ಲಾರಿ ಮಿಸ್ತ್ರಿಗೆ ಈ ಕೆಲಸದ ರೂಢಿ ಇಲ್ಲ. ರೂಢಿ ಇರುವುದು ಬಂದರಿನಲ್ಲಿ. ಟ್ರಾಲರ್ ಬೋಟಿನ ಪ್ರೊಪೆಲ್ಲರ್ ಶಾಫ್ಟು ಸಮುದ್ರಕ್ಕೆ ಹೊರಬರುವ ಜಾಗದಲ್ಲೂ ಇದೇ ಗ್ಲ್ಯಾಂಡು, ಇದೇ ಹಗ್ಗ. ಕಾರವಾರದ ಬೈತಖೋಲದಿಂದ ಬಂದ ಬೋಟ್ ಮಿಸ್ತ್ರಿ ನಾನು ಹಾಕಿದ್ದನ್ನೆಲ್ಲ ಕಿತ್ತು ತೆಗೆದ. ಹಗ್ಗವನ್ನು ಶಾಫ್ಟಿಗೆ ಸುತ್ತಿ ಓರೆಯಾಗಿ ಕತ್ತರಿಸಿ ಒಂದೊಂದೇ ಉಂಗುರ ಮಾಡಿದ. ಒಂದರ ಸಂದು ಮೇಲೆ ಬಂದರೆ ಮುಂದಿನದರ ಸಂದು ಪಕ್ಕಕ್ಕೆ, ಅದರ ಮುಂದಿನದು ಕೆಳಕ್ಕೆ. ನಟ್ಟನ್ನು ಪಾನಾ ಹಾಕದೆ ಬೆರಳಲ್ಲೇ ಬಿಗಿದ. "ಹನಿ ಬೀಳಬೇಕು ಅಣ್ಣ. ಹನಿ ನಿಂತರೆ ಶಾಫ್ಟು ಸುಡ್ತದೆ" ಎಂದ. ಹಳೆಯ ಪ್ಯಾಕಿಂಗ್ ಕಲ್ನಾರಿನದು, ಅದನ್ನು ಒಣಗಿಸಿ ಕೆರೆಯಬೇಡಿ, ನೆನೆಸಿ ತೆಗೆದು ಚೀಲದಲ್ಲಿ ಕಟ್ಟಿಡಿ. ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಈಗ ಗ್ರಾಫೈಟಿನ ಬೇರೆ ಹಗ್ಗಗಳು ಸಿಗುತ್ತವೆ.

ಬಾಡಿಯ ತಗಡಿನ ಒಳಗಿನ ಮರದ ಚೌಕಟ್ಟು ಗೆದ್ದಲು ತಿಂದಿತ್ತು. ಅದನ್ನು ದೋಣಿ ಕಟ್ಟುವ ಆಚಾರ್ರು ಮಾಡಿಕೊಟ್ಟರು. ಬಾಗಿದ ಮರಕ್ಕೆ ಅವರ ಕೈಯೇ ಸರಿ. ಬ್ರೇಕು, ವೈರಿಂಗು ನನ್ನ ದಿನನಿತ್ಯದ ಕೆಲಸ, ಹೇಳುವಂಥದ್ದಿಲ್ಲ.

ಬಣ್ಣದ ವಿಷಯ ಹೇಳಲೇಬೇಕು. ಹೊರಗೆ ಮೂರು ನಮೂನೆಯ ಕೆಂಪು ಒಂದರ ಮೇಲೊಂದು ಇತ್ತು. ಹೋಸ್ ಇಡುವ ಪೆಟ್ಟಿಗೆಯ ಕೀಲು ಬಿಚ್ಚಿದಾಗ ಅದರಡಿ ಬಿಸಿಲು ಕಾಣದ ಮೊದಲ ಬಣ್ಣ ಸಿಕ್ಕಿತು. ಬಣ್ಣದಂಗಡಿಯಲ್ಲಿ ಭಾರತೀಯ ಮಾನಕದ ಬಣ್ಣದ ಪಟ್ಟಿ ತರಿಸಿ ಹೋಲಿಸಿದೆ, 536 ನಂಬರಿನ ಫೈರ್ ರೆಡ್‌ಗೆ ಕೂಡಿತು. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಣ್ಣ ಮುಟ್ಟಬಾರದು. ನಾನು ಮೇ ಕೊನೆಗೆ ಅವಸರ ಮಾಡಿ ಬಾನೆಟ್ಟಿಗೆ ಹೊಡೆಸಿದೆ, ಶ್ರಾವಣದ ಹೊತ್ತಿಗೆ ಗುಳ್ಳೆ ಎದ್ದಿತು. ಪೂರ್ತಿ ಕೆರೆದು, ಉಪ್ಪು ಹೋಗಲೆಂದು ಸಿಹಿನೀರಿನಲ್ಲಿ ಎರಡು ಸಲ ತೊಳೆದು, ಜನವರಿಯಲ್ಲಿ ಮತ್ತೆ ಹೊಡೆಸಿದೆ.

ನಕ್ಷತ್ರ ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಸಿಕ್ಕಿತು. ಒಂದು ಮೊನೆ ಸ್ವಲ್ಪ ಬಾಗಿದೆ. ನೆಟ್ಟಗೆ ಮಾಡಿಸಲಿಲ್ಲ, ಹೊಸ ಪಾಲಿಶೂ ಕೊಡಿಸಲಿಲ್ಲ.

ರಸ್ತೆಗೆ ತರುವ ಆಸೆ ಇಟ್ಟುಕೊಂಡಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ತಂದ ವಿಂಟೇಜ್ ನಿಯಮ 50 ವರ್ಷ ದಾಟಿದ ದ್ವಿಚಕ್ರಗಳಿಗೆ ಮತ್ತು ಕಾರುಗಳಿಗೆ. ಲಾರಿ ಅದರಲ್ಲಿ ಇಲ್ಲ. 2023ರ ಏಪ್ರಿಲ್‌ನಿಂದ ಹದಿನೈದು ವರ್ಷ ದಾಟಿದ ಸರ್ಕಾರಿ ಗಾಡಿಗಳ ನೋಂದಣಿಯೂ ಮುಗಿಯುತ್ತದೆ, ಅವು ಗುಜರಿಗೆ ಹೋಗುತ್ತವೆ. ಹೊಗೆ ಉಗುಳುವ ಗಾಡಿ ಹೋಗಲಿ, ನನಗೆ ದುಃಖವಿಲ್ಲ. ಹಳೇ ಪಂಪುಗಳನ್ನಾದರೂ ಬಿಚ್ಚಿ ಒಂದೊಂದು ಐಟಿಐಗೆ ಕೊಟ್ಟರೆ ಹುಡುಗರು ಕಲಿಯುತ್ತಾರೆ. ಇದನ್ನು ನಾನು ಕಂಡವರಿಗೆಲ್ಲ ಹೇಳುತ್ತಿದ್ದೇನೆ.

ಏಪ್ರಿಲ್ 14 ಅಗ್ನಿಶಾಮಕ ಸೇವಾ ದಿನ. 1944ರಲ್ಲಿ ಅದೇ ದಿನ ಮುಂಬಯಿ ಬಂದರಿನಲ್ಲಿ ಫೋರ್ಟ್ ಸ್ಟೈಕಿನ್ ಹಡಗು ಸಿಡಿದು, ಬೆಂಕಿ ಆರಿಸಲು ಹೋದವರು ಸತ್ತರು. ನೀರಿನ ಪರೀಕ್ಷೆಯನ್ನು ಅದೇ ದಿನ ಇಟ್ಟುಕೊಳ್ಳೋಣ ಎಂದು ಯಲ್ಲಾಪುರದ ಹಿರಿಯರೇ ಹೇಳಿದರು. ಗಂಗಾವಳಿ ನದಿ ಹತ್ತಿರವೇ ಇದೆ, ಆದರೆ ಭರತದ ಹೊತ್ತಿಗೆ ಉಪ್ಪುನೀರು ಒಳಗೆ ಬರುತ್ತದೆ. ಗನ್‌ಮೆಟಲ್ಲಿನ ಪಕ್ಕದಲ್ಲಿ ಕಬ್ಬಿಣ ಇದ್ದಲ್ಲಿ ಉಪ್ಪುನೀರು ಕಬ್ಬಿಣವನ್ನೇ ಮೊದಲು ತಿನ್ನುತ್ತದೆ. ಹಾಗಾಗಿ ಗಾಡಿಯನ್ನು ಟ್ರೇಲರಿನ ಮೇಲೆ ಹೇರಿ ಘಟ್ಟದ ಬುಡದ ಒಂದು ಕೆರೆಗೆ ಒಯ್ದೆವು. ಅವರು ಬೆತ್ತದ ಬುಟ್ಟಿ ಕಟ್ಟಿ, ಪೈಪಿಗೆ ಹಗ್ಗ ಬಿಗಿದು, ನೀರಿಗೆ ತಾವೇ ಇಳಿಸಿದರು. ಹೊಗೆಯ ಮೂತಿ ಚೀರಿತು, ಮುಳ್ಳು ಏರಿತು, ಪೈಪು ಒಮ್ಮೆ ನಡುಗಿತು. "ಬಂತು" ಎಂದು ನಮಗಿಂತ ಮೊದಲು ಅವರಿಗೆ ಗೊತ್ತಾಯಿತು. ಡೆಲಿವರಿ ತೆರೆದಾಗ ನೀರು ಕೆರೆಯ ಆಚೆ ದಂಡೆಯ ಗೇರು ಮರದ ನೆತ್ತಿ ಮುಟ್ಟಿತು. ಅವರು ಅದನ್ನು ನೋಡಲಿಲ್ಲ. ಬಗ್ಗಿ ಕೂತು ಗ್ಲ್ಯಾಂಡಿನಿಂದ ಬೀಳುವ ಹನಿ ಎಣಿಸುತ್ತಿದ್ದರು.

ಎಡಗಡೆಯ ಡೆಲಿವರಿ ವಾಲ್ವಿನ ಚಕ್ರ ಇನ್ನೂ ಸಿಕ್ಕಿಲ್ಲ. ಐದು ಕಡ್ಡಿಯ ಹಿತ್ತಾಳೆ ಚಕ್ರ, ನಡುವೆ ಚೌಕ ತೂತು. ಶಿರಸಿ ಸಿದ್ದಾಪುರ ಕಡೆಯ ತೋಟದವರು ನಿಮ್ಮ ಹಳೇ ಪಂಪ್ ಶೆಡ್ಡಿನಲ್ಲಿ ಒಮ್ಮೆ ನೋಡಿ.