ಸಂಬಳ ಕೇಳುವ ಮೊದಲು ದರ ತಿಳಿದುಕೊಳ್ಳಿ

ಅಮೆರಿಕದ ಟೈರ್ ಕಾರ್ಖಾನೆಯೊಂದರಲ್ಲಿ ಲಿಲಿ ಲೆಡ್‌ಬೆಟರ್ ಸುಮಾರು 19 ವರ್ಷ ದುಡಿದರು. ಅದೇ ಕೆಲಸ ಮಾಡುವ ಗಂಡಸರಿಗೆ ಜಾಸ್ತಿ ಸಂಬಳ ಅಂತ ಗೊತ್ತಾಗಿದ್ದು ಕೊನೆಕೊನೆಗೆ, ಯಾರೋ ಹೆಸರು ಹಾಕದೆ ಬರೆದಿಟ್ಟ ಚೀಟಿಯಿಂದ. ಕೇಸು ಹಾಕಿದರು. 2007ರಲ್ಲಿ ಸುಪ್ರೀಂ ಕೋರ್ಟ್, ದೂರು ಕೊಟ್ಟಿದ್ದು ತಡವಾಯಿತು ಎಂದಿತು. 2009ರಲ್ಲಿ ಅವರದೇ ಹೆಸರಿನ ಹೊಸ ಕಾನೂನು ಬಂತು. ಬಾಕಿ ಹಣ ಮಾತ್ರ ಅವರ ಕೈಗೆ ಬರಲೇ ಇಲ್ಲ.

ಹಾಗಾಗಿ ಮೊದಲು ಮಾಡಬೇಕಾದದ್ದು ದರ ತಿಳಿದುಕೊಳ್ಳುವುದು. ಕೇಳುವುದು ಆಮೇಲೆ. ಉದ್ಯೋಗದ ಜಾಹೀರಾತು ನೋಡಿ, ಕೆಲಸ ಬಿಟ್ಟುಹೋದ ಹಳೆಯ ಸಹೋದ್ಯೋಗಿಗಳನ್ನು ವಿಚಾರಿಸಿ. ಗಂಡಸರನ್ನೂ ಕೇಳಿ. ಹೆಂಗಸರು ಹೆಂಗಸರನ್ನೇ ಕೇಳಿಕೊಂಡರೆ ಕಡಿಮೆ ಸಂಬಳವೇ ಸರಿ ಅನ್ನಿಸಿಬಿಡುತ್ತದೆ. ನೇರವಾಗಿ ಕೇಳಲು ಮುಜುಗರವೇ? ‘ಈ ಹುದ್ದೆಗೆ ಇಷ್ಟು ಕೊಡ್ತಾರಂತೆ, ಹೌದಾ?’ ಅನ್ನಿ. ತಮ್ಮ ಸಂಬಳ ಹೇಳದವರೂ ಇನ್ನೊಬ್ಬರ ಅಂದಾಜು ತಿದ್ದಲು ಖುಷಿಯಿಂದ ಮುಂದೆ ಬರುತ್ತಾರೆ!

ಸೇರುವಾಗಿನ ಸಂಬಳವನ್ನು ಸುಮ್ನೆ ಒಪ್ಪಬೇಡಿ. ಒಬ್ಬರು 100ಕ್ಕೆ, ಇನ್ನೊಬ್ಬರು 90ಕ್ಕೆ ಸೇರಿದರು ಅಂದುಕೊಳ್ಳಿ. ಇಬ್ಬರಿಗೂ ವರ್ಷಕ್ಕೆ ಶೇ 5 ಇನ್‌ಕ್ರಿಮೆಂಟ್. ಹತ್ತು ವರ್ಷದ ನಂತರ ಒಬ್ಬರದು ಸುಮಾರು 163, ಇನ್ನೊಬ್ಬರದು 147. ಯಾರೂ ಹೊಸದಾಗಿ ಅನ್ಯಾಯ ಮಾಡಲಿಲ್ಲ, ಆದರೂ 10ರ ಅಂತರ 16 ದಾಟಿತು. ಇಂಟರ್‌ವ್ಯೂನಲ್ಲಿ ‘ಹಿಂದಿನ ಸಂಬಳ ಎಷ್ಟಿತ್ತು?’ ಅಂತ ಕೇಳುವುದರ ತೊಂದರೆಯೂ ಇದೇ. ಹಳೇ ಅನ್ಯಾಯವೇ ಹೊಸ ಸಂಬಳದ ಅಳತೆ ಆಗುತ್ತದೆ. ಐರೋಪ್ಯ ಒಕ್ಕೂಟ 2023ರ ನಿರ್ದೇಶನದಲ್ಲಿ ಈ ಪ್ರಶ್ನೆಯನ್ನೇ ನಿಷೇಧಿಸಿತು. ನಿಷೇಧ ಇಲ್ಲದ ಕಡೆ, ‘ಈ ಹುದ್ದೆಯ ಜವಾಬ್ದಾರಿಗೆ ತಕ್ಕಂತೆ ಇಷ್ಟು ನಿರೀಕ್ಷಿಸುತ್ತಿದ್ದೇನೆ’ ಅಂತ ಮಾತನ್ನು ಮುಂದಕ್ಕೆ ತಿರುಗಿಸಿ. ಸುಳ್ಳು ಮೊತ್ತ ಮಾತ್ರ ಹೇಳಬೇಡಿ.

ಇನ್ನು ಕೇಳುವ ಹೊತ್ತು. ‘ಹೆಂಗಸರು ಕೇಳುವುದೇ ಇಲ್ಲ, ಅದಕ್ಕೇ ಕಡಿಮೆ’ ಅನ್ನುವುದು ಅರ್ಧ ಸತ್ಯ. ಕೇಳಿದ ಹೆಂಗಸರನ್ನು ‘ಜೋರು’ ಅಂತ ನೋಡುವುದು ಸಂಶೋಧನೆಗಳಲ್ಲೇ ಕಂಡಿದೆ. ಗಂಡಸರಿಗೆ ಆ ದಂಡ ಕಡಿಮೆ. ಸಂಬಳದ ಬಗ್ಗೆ ಚೌಕಾಶಿಗೆ ಅವಕಾಶ ಇದೆ ಅಂತ ಜಾಹೀರಾತಿನಲ್ಲೇ ಬರೆದಾಗ ಹೆಂಗಸರೂ ಗಂಡಸರಷ್ಟೇ ಕೇಳಿದ್ದು ಇನ್ನೊಂದು ಅಧ್ಯಯನದಲ್ಲಿ ಗೊತ್ತಾಯಿತು. ಧೈರ್ಯ ಇಲ್ಲದ್ದಲ್ಲ, ಬಾಗಿಲು ತೆರೆದಿದೆಯೋ ಇಲ್ಲವೋ ತಿಳಿಯದ್ದು ಸಮಸ್ಯೆ, ಅಲ್ವಾ? ಅದಕ್ಕೇ ಮೊದಲು, ‘ಸಂಬಳದ ಬಗ್ಗೆ ಮಾತಾಡಲು ಅವಕಾಶ ಇದೆಯಾ?’ ಅಂತ ಕೇಳಿ. ಹೌದು ಅಂದರೆ ಮೊತ್ತ ಹೇಳಿ, ಮಾಡಿದ ಎರಡು ಮೂರು ಕೆಲಸಗಳನ್ನು ಅದರ ಫಲದ ಜೊತೆ ಹೇಳಿ, ಸುಮ್ಮನಾಗಿ. ಮೌನಕ್ಕೆ ಹೆದರಿ ನೀವೇ ಮೊತ್ತ ಇಳಿಸಬೇಡಿ. ಮನೆ ಖರ್ಚಿನ ಕಷ್ಟ ಹೇಳಿಕೊಳ್ಳುವುದು ನನ್ನ ಪ್ರಕಾರ ಬೇಡ. ಕೆಲಸಕ್ಕೆ ಬೆಲೆ ಕೇಳುತ್ತಿದ್ದೀರಿ, ಸಹಾಯ ಅಲ್ಲ.

ಮಗು ಆಗುವ ಸಮಯದಲ್ಲಿ ಇನ್ನಷ್ಟು ಎಚ್ಚರ ಬೇಕು. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ತೋರಿಸಿದಂತೆ, ಈಗ ಗಂಡಸರ, ಹೆಂಗಸರ ಸಂಬಳದ ಅಂತರ ದೊಡ್ಡದಾಗುವುದು ಮುಖ್ಯವಾಗಿ ಮೊದಲ ಮಗುವಿನ ನಂತರ. ರಜೆಗೆ ಹೋಗುವ ಮೊದಲೇ ಆ ವರ್ಷದ ಅಪ್ರೈಸಲ್ ಹೇಗೆ, ವಾಪಸ್ ಬಂದಾಗ ಯಾವ ಹುದ್ದೆ ಅಂತ ಇಮೇಲ್‌ನಲ್ಲಿ ಕೇಳಿಟ್ಟುಕೊಳ್ಳಿ.

‘ಆಗಲ್ಲ’ ಅಂದರೆ? ಯಾವ ಗುರಿ ಮುಟ್ಟಿದರೆ ಆಗುತ್ತದೆ, ಮತ್ತೆ ಯಾವಾಗ ಮಾತಾಡೋಣ ಅಂತ ಕೇಳಿ. ಅದೇ ದಿನ ಮಾತಿನ ಸಾರಾಂಶವನ್ನು ಮ್ಯಾನೇಜರ್‌ಗೆ ಇಮೇಲ್ ಮಾಡಿ, ಒಂದು ಪ್ರತಿ ನಿಮ್ಮ ಬಳಿಯೂ ಇಟ್ಟುಕೊಳ್ಳಿ.