ಮಕ್ಕಳನ್ನ ಪರಿಷೆಗೆ, ಮೇಳಕ್ಕೆ, ಹೊಲಕ್ಕೆ ಕರ್ಕೊಂಡು ಹೋಗೋದು ಹೇಗೆ: ಮೊದ್ಲು ಬೆಳೆ ನೋಡಿ, ಆಮೇಲೆ ಭಾನುವಾರ ನೋಡಿ

ಭಾನುವಾರ ಬೆಳಿಗ್ಗೆ ತಿಂಡಿ ಆದ್ಮೇಲೆ "ಎಲ್ಲಿಗಾದ್ರೂ ಹೋಗೋಣ" ಅಂತ ಶುರುವಾಗೋ ಮಾತು ನಮ್ಮನೇಲಿ ಎಷ್ಟೋ ವರ್ಷ ಮಾಲ್‌ನಲ್ಲೇ ಹೋಗಿ ಮುಗೀತಿತ್ತು. ಆಮೇಲೆ ಒಂದ್ಸಲ ಊರಾಚೆ ಒಂದು ಫಾರ್ಮ್‌ಗೆ ಹೋದ್ವಿ, ತಲೆಗೆ ಇಷ್ಟು ಅಂತ ಚೆನ್ನಾಗೇ ದುಡ್ಡು ಕಟ್ಟಿಸ್ಕೊಂಡ್ರು, ಒಳಗೆ ಹೋದ್ರೆ ಬಫೆ ಊಟ, ರೈನ್ ಡ್ಯಾನ್ಸು, ಪ್ಲಾಸ್ಟಿಕ್ ಹುಲ್ಲು, ಒಂದು ಗೂಡಲ್ಲಿ ನಾಲ್ಕು ಮೊಲ, ಅಷ್ಟೇ, ತಿನ್ನೋ ಬೆಳೆ ಅಂತ ಒಂದು ಗಿಡ ಇಲ್ಲ. ವಾಪಸ್ ಬರ್ತಾ ಕಾರಲ್ಲಿ ಮಗಳು ಕಡ್ಲೆಕಾಯಿ ಸುಲೀತಾ "ಅಮ್ಮ, ಇದು ಯಾವ ಮರದಲ್ಲಿ ಬಿಡತ್ತೆ?" ಅಂದ್ಲು. ಪಕ್ಕದಲ್ಲೇ ನಮ್ಮ ಮಾವ ಕೂತಿದ್ರು, ಮಾಗಡಿ ಕಡೆಯವ್ರು, ನಲವತ್ತು ವರ್ಷ ಹೊಲ ಗೇಯ್ದವ್ರು. ಅವ್ರು ಏನೂ ಹೇಳ್ಲಿಲ್ಲ, ಕಿಟಕಿ ಆಚೆ ನೋಡ್ತಾ ಕೂತ್ರು. ನಂಗೆ ಆವತ್ತು ನಿಜವಾಗ್ಲೂ ಹೊಟ್ಟೆ ಚುರ್ ಅಂತು.

ಅದಾದ್ಮೇಲೆ ನಾವು ರಜಾ ನೋಡ್ಕೊಂಡು ಹೋಗೋದು ಬಿಟ್ವಿ, ಬೆಳೆ ನೋಡ್ಕೊಂಡು ಹೋಗೋದು ಶುರು ಮಾಡಿದ್ವಿ. ಅದು ಹೇಗೆ ಅಂತ ಒಂದೊಂದಾಗಿ ಬರೀತೀನಿ, ನಿಮ್ಮನೇಲೂ ಮಾಡಿ ನೋಡಿ.

ಮೊದಲು: ಯಾವ ತಿಂಗಳು ಏನು ಬರತ್ತೆ ಅಂತ ತಿಳ್ಕೊಳ್ಳಿ

ಬೆಂಗಳೂರಲ್ಲಿ ಇದಕ್ಕೆ ಕಷ್ಟ ಪಡ್ಬೇಕಾಗಿಲ್ಲ, ಸುತ್ತಲ ಬೆಳೆಗೆ ತಕ್ಕ ಹಾಗೆ ಒಂದಲ್ಲ ಒಂದು ಸಂತೆ, ಮೇಳ, ಜಾತ್ರೆ ಊರಲ್ಲೇ ಇರತ್ತೆ. ನವೆಂಬರ್‌ನಲ್ಲಿ ರಾಗಿ ಕೊಯ್ಲಿಗೆ ಬರೋ ಹೊತ್ತಿಗೆ ಜಿಕೆವಿಕೆಯಲ್ಲಿ, ಅಂದ್ರೆ ಕೃಷಿ ವಿಶ್ವವಿದ್ಯಾಲಯದ ಕ್ಯಾಂಪಸ್ಸಲ್ಲಿ, ಕೃಷಿ ಮೇಳ. ಕಾರ್ತಿಕ ಮಾಸದ ಕೊನೇ ಸೋಮವಾರ ಬಸವನಗುಡಿ ಕಡ್ಲೆಕಾಯಿ ಪರಿಷೆ, ಅದೇ ಸುಮಾರಿಗೆ ಮಲ್ಲೇಶ್ವರದ ಕಾಡು ಮಲ್ಲೇಶ್ವರ ದೇವಸ್ಥಾನದ ಹತ್ರಾನೂ ಒಂದು ಪರಿಷೆ. ಚಳಿ ಬಿದ್ದು ಅವರೆಕಾಯಿಗೆ ಸೊಗಡು ಹತ್ತಿದ್ಮೇಲೆ ಅವರೆಬೇಳೆ ಮೇಳ, ಡಿಸೆಂಬರ್ ಜನವರೀಲಿ ದೊಡ್ಡಬಳ್ಳಾಪುರದ ಹತ್ರ ಘಾಟಿ ಸುಬ್ರಹ್ಮಣ್ಯದಲ್ಲಿ ದನಗಳ ಜಾತ್ರೆ. ಜನವರಿ ಕೊನೇಲಿ, ಮತ್ತೆ ಆಗಸ್ಟಲ್ಲಿ ಲಾಲ್‌ಬಾಗ್ ಫ್ಲವರ್ ಶೋ. ಮೇ ಜೂನಲ್ಲಿ ಅದೇ ಲಾಲ್‌ಬಾಗಲ್ಲಿ ಮಾವಿನ ಮೇಳ, ರೈತರೇ ತಂದು ಮಾರೋದು, ರಾಮನಗರದ ಹಣ್ಣು ಮೊದ್ಲು ಬರತ್ತೆ, ಶ್ರೀನಿವಾಸಪುರದ್ದು ಸ್ವಲ್ಪ ತಡ. ಇದನ್ನೆಲ್ಲ ಅಡುಗೆಮನೆ ಕ್ಯಾಲೆಂಡರ್ ಮೇಲೆ ಪೆನ್ನಲ್ಲಿ ಬರ್ದುಬಿಡಿ, ಮಕ್ಕಳ ಕೈಲೇ ಬರೆಸಿ.

ಎಲ್ಲದಕ್ಕೂ ಹೋಗ್ಬೇಡಿ. ವರ್ಷಕ್ಕೆ ಮೂರೋ ನಾಲ್ಕೋ ಸಾಕು.

ತಾರೀಖು, ದಾರಿ

ಪರಿಷೆ ತಾರೀಖು ಪಂಚಾಂಗದ ಪ್ರಕಾರ ಬರತ್ತೆ, ಹಾಗಾಗಿ ಕಳೆದ ವರ್ಷದ ತಾರೀಖು ನಂಬ್ಕೊಂಡು ಹೊರಡ್ಬೇಡಿ. ಸೋಮವಾರ ಪೂಜೆ, ಅವತ್ತೇ ವಿಪರೀತ ಜನ, ಆದ್ರೆ ಅಂಗಡಿಗಳು ಅದಕ್ಕಿಂತ ಮುಂಚೇನೇ ಹಾಕಿರ್ತಾರೆ, ಚಿಕ್ಕ ಮಕ್ಕಳು, ವಯಸ್ಸಾದವ್ರು ಇದ್ರೆ ಹಿಂದಿನ ಶನಿವಾರ ಬೆಳಿಗ್ಗೆ ಎಂಟಕ್ಕೆಲ್ಲ ಹೋಗ್ಬಿಡಿ. ಬುಲ್ ಟೆಂಪಲ್ ರೋಡಲ್ಲಿ ಆ ದಿನಗಳಲ್ಲಿ ಗಾಡಿ ಬಿಡಲ್ಲ, ಕಾರ್ ಮನೇಲೇ ಇರ್ಲಿ, ಗ್ರೀನ್ ಲೈನ್ ಮೆಟ್ರೋದಲ್ಲಿ ನ್ಯಾಷನಲ್ ಕಾಲೇಜ್ ಸ್ಟೇಷನ್ನಲ್ಲಿ ಇಳಿದು ನಡ್ಕೊಂಡು ಹೋಗಿ, ನಡೆಯೋಕೆ ಆಗದೇ ಇರೋರಿಗೆ ಆಟೋ ಮಾಡ್ಕೊಳ್ಳಿ.

ಕೃಷಿ ಮೇಳ ಸಾಮಾನ್ಯವಾಗಿ ನಾಲ್ಕು ದಿನ ಇರತ್ತೆ. ಭಾನುವಾರ ಬೆಂಗಳೂರೇ ಅಲ್ಲಿರತ್ತೆ, ಮೊದಲ ಎರಡು ದಿನ ನಿಜವಾದ ರೈತರು ಬಸ್ ಮಾಡ್ಕೊಂಡು ಬರ್ತಾರೆ, ಸ್ಕೂಲಿಗೆ ಒಂದು ದಿನ ರಜಾ ಹಾಕ್ಸಿದ್ರೂ ಪರವಾಗಿಲ್ಲ ಅಂತ ನಾನು ಹೇಳ್ತೀನಿ. ಬಳ್ಳಾರಿ ರೋಡಲ್ಲಿ ಹೆಬ್ಬಾಳ ದಾಟಿದ್ಮೇಲೆ ಜಿಕೆವಿಕೆ, ಯಲಹಂಕ ಕಡೆ ಹೋಗೋ ಬಿಎಂಟಿಸಿ ಬಸ್ಸು ಹತ್ತಿ ಗೇಟ್ ಹತ್ರಾನೇ ಇಳೀಬಹುದು. ಒಳಗೆ ಮಾತ್ರ ತುಂಬಾ ನಡೀಬೇಕು, ಚಪ್ಪಲಿ ಅಲ್ಲ ಶೂ ಹಾಕ್ಸಿ.

ಬ್ಯಾಗು: ಎರಡು ದೊಡ್ಡ ಬಟ್ಟೆ ಚೀಲ, ಮನೆ ನೀರು, ಟೋಪಿ, ಒಂದು ಹಳೇ ಟವೆಲ್, ಹತ್ತಿಪ್ಪತ್ತು ರೂಪಾಯಿ ನೋಟುಗಳು. ಜನ ಜಾಸ್ತಿ ಇದ್ದಾಗ ನೆಟ್‌ವರ್ಕ್ ಕೈ ಕೊಡತ್ತೆ, ಅಜ್ಜಿ ಅಂಗಡಿ ಮುಂದೆ ಫೋನ್ ಹಿಡ್ಕೊಂಡು ನಿಂತ್ಕೊಳ್ಳೋ ಹಾಗಾಗ್ಬಾರ್ದು. ಮಗು ಜೇಬಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇಡಿ, ಇದನ್ನ ಮರೀಲೇಬೇಡಿ.

ಪರಿಷೆಯಲ್ಲಿ ಏನು ಮಾಡ್ಬೇಕು

ಮೊದ್ಲು ಏನೂ ತಗೋಬೇಡಿ. ಒಂದು ಸುತ್ತು ಪೂರ್ತಿ ನಡೀರಿ. ದೊಡ್ಡ ಗಣಪತಿಗೆ, ಬಸವಣ್ಣನಿಗೆ ಕೈ ಮುಗಿದು ಬನ್ನಿ, ಒಂದೇ ಬಂಡೆಯಲ್ಲಿ ಕಡೆದ ಅಷ್ಟೆತ್ತರದ ಬಸವ, ಮಕ್ಕಳು ಅದರ ಮುಂದೆ ನಿಂತು ತಲೆ ಎತ್ತಿ ನೋಡೋದೇ ಚಂದ. ಕಥೆ ಅಲ್ಲೇ ಹೇಳಿ: ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ ಅಂತ ಇಲ್ಲೆಲ್ಲ ಹಳ್ಳಿಗಳಿದ್ವು, ಕಡ್ಲೆಕಾಯಿ ಬೆಳೀತಿದ್ರು, ಪ್ರತಿ ಹುಣ್ಣಿಮೆ ಒಂದು ಬಸವ ಬಂದು ಹೊಲ ಮೇಯ್ಕೊಂಡು ಹೋಗ್ತಿತ್ತು, ಅಟ್ಟಿಸ್ಕೊಂಡು ಹೋದ್ರೆ ಬೆಟ್ಟದ ಮೇಲೆ ಕಲ್ಲಾಯ್ತು, ಅವತ್ತಿಂದ ಮೊದಲ ಬೆಳೆ ಬಸವಣ್ಣನಿಗೆ ಅಂತ ಹರಕೆ. ಗುಡಿ ಕೆಂಪೇಗೌಡರು ಕಟ್ಟಿಸಿದ್ದು ಅಂತಾರೆ. ಮಾವಳ್ಳಿ ಅಂದ್ರೆ ಬರೀ ಮಾವಳ್ಳಿ ಟಿಫಿನ್ ರೂಮ್ಸ್ ಹೋಟೆಲ್ಲು ಅಂತ ತಿಳ್ಕೊಂಡಿದ್ದ ನನ್ನ ಮಗ "ಇಲ್ಲಿ ಹೊಲ ಇತ್ತಾ?" ಅಂತ ಮೂರು ಸಲ ಕೇಳ್ದ.

ಆಮೇಲೆ ರಾಶಿಗಳ ಹತ್ರ ಬನ್ನಿ. ಹಸೀದು, ಒಣಗಿದ್ದು, ಹುರಿದಿದ್ದು, ಬೇಯಿಸಿದ್ದು, ನಾಲ್ಕೂ ಒಂದೊಂದು ಕಾಯಿ ತಿನ್ನಿಸಿ. ಎರಡು ಬೀಜದ್ದು, ಮೂರು ಬೀಜದ್ದು, ಗುಂಡು ಕಾಯಿ, ಉದ್ದ ಕಾಯಿ ಅಂತ ಬೇರೆ ಬೇರೆ ರಾಶಿ ಹಾಕಿರ್ತಾರೆ, ಮಕ್ಕಳಿಗೆ ವ್ಯತ್ಯಾಸ ಹುಡುಕೋಕೆ ಬಿಡಿ. ನಮ್ಮ ಮಾವ ಒಂದು ಕಾಯಿ ತಗೊಂಡು ಕಿವಿ ಹತ್ರ ಅಲ್ಲಾಡಿಸ್ತಾರೆ, ಗಲಗಲ ಅಂದ್ರೆ ಚೆನ್ನಾಗಿ ಒಣಗಿದೆ, ಇಟ್ಕೋಬಹುದು, ಸದ್ದಿಲ್ಲ ಅಂದ್ರೆ ಇನ್ನೂ ಹಸಿ ಇದೆ, ಬೇಯ್ಸೋಕೆ ತಗೋಬಹುದು. ಹಸಿದನ್ನ ಚೀಲದಲ್ಲಿ ಕಟ್ಟಿ ಇಟ್ಟುಬಿಟ್ರೆ ಬೂಷ್ಟು ಬರತ್ತೆ, ಅದನ್ನ ತಿನ್ನಲೇಬಾರದು, ಮನೆಗೆ ಬಂದ ತಕ್ಷಣ ಹರಡಿ.

ಅಳತೆ ನೋಡಿಸಿ. ಇಲ್ಲಿ ಇನ್ನೂ ಸೇರಲ್ಲಿ ಅಳೀತಾರೆ, ಸೇರು, ಅಚ್ಚೇರು, ಪಾವು. ಕೆಜಿ ಬಿಟ್ಟು ಬೇರೇನೂ ಗೊತ್ತಿಲ್ಲದ ಮಕ್ಕಳಿಗೆ ತಲೆ ಕಟ್ಟಿ ಅಳೆಯೋದು ಅಂದ್ರೇನು ಅಂತ ಕಣ್ಣಾರೆ ಕಾಣತ್ತೆ, ಅಳೆದಾದ್ಮೇಲೆ ಮೇಲೊಂದು ಹಿಡಿ ಕೊಸರು ಹಾಕ್ತಾರಲ್ಲ ಆ ಪದಾನೂ ಕಲೀತಾರೆ. ಕೊಸರು ಕೇಳಿ, ಆದ್ರೆ ಐದು ರೂಪಾಯಿಗೆ ಜಗ್ಗಾಡ್ಬೇಡಿ. ರಸ್ತೆ ಮೇಲೇ ರಾತ್ರಿ ಮಲಗಿ, ಚಳೀಲಿ ರಾಶಿ ಕಾಯ್ಕೊಂಡು ಕೂತಿರ್ತಾರೆ ಅವ್ರು, ನಾವು ಮಕ್ಕಳ ಮುಂದೆ ಅವರ ಹತ್ರ ಹೇಗೆ ಮಾತಾಡ್ತೀವಿ ಅನ್ನೋದೇ ಮಕ್ಕಳ ಮನಸಲ್ಲಿ ಉಳಿಯೋದು.

ಮಾತಾಡಿಸೋದು ಹೇಗೆ ಅಂದ್ರೆ ತುಂಬಾ ಸುಲಭ, "ಯಾವೂರಜ್ಜಿ?" ಅಂತ ಕೇಳಿ ಸಾಕು. "ಈ ವರ್ಷ ಮಳೆ ಹೆಂಗಾಯ್ತು?" ಅಂದ್ರೆ ಇನ್ನೂ ಒಳ್ಳೇದು. ಒಬ್ಬ ಅಜ್ಜಿ ನನ್ನ ಮಗಳನ್ನ ಪಕ್ಕ ಕೂರಿಸ್ಕೊಂಡು, ಗಿಡ ಸಮೇತ ಕಿತ್ತು ತಂದಿದ್ದ ಒಂದು ಕಂತೆ ತೋರಿಸಿ, "ನೋಡವ್ವ, ಹೂವು ಮ್ಯಾಲೆ, ಕಾಯಿ ಕೆಳ್ಗೆ" ಅಂದ್ರು. ಅಷ್ಟೇ ಪಾಠ. ಹಳದಿ ಹೂವು ಬಿಟ್ಟ ಮೇಲೆ ಅದರಿಂದ ಸೂಜಿ ಥರ ಒಂದು ತೊಟ್ಟು ಬೆಳೆದು ಬಾಗಿ ಮಣ್ಣೊಳಗೆ ಇಳಿಯತ್ತೆ, ಅಲ್ಲಿ ಕತ್ತಲೇಲಿ ಕಾಯಾಗತ್ತೆ, ಹಾಗಾಗಿ ಇದು ಬೇರೂ ಅಲ್ಲ ಗೆಡ್ಡೆನೂ ಅಲ್ಲ. ಯಾವ ಮರದಲ್ಲಿ ಬಿಡತ್ತೆ ಅಂತ ಕೇಳಿದ್ದ ಹುಡುಗಿ ಈಗ ಇದನ್ನ ಎಲ್ಲರಿಗೂ ಹೇಳ್ಕೊಂಡು ತಿರುಗ್ತಾಳೆ.

ಕೊನೇಲಿ ಬೆಂಡು ಬತ್ತಾಸು, ಕಲ್ಯಾಣಸೇವೆ, ಕಡ್ಲೆಪುರಿ. ಆಟದ ಸಾಮಾನು ಒಬ್ಬರಿಗೆ ಒಂದೇ ಅಂತ ಮನೇಲೇ ಹೇಳಿ ಕರ್ಕೊಂಡು ಬನ್ನಿ.

ಕೃಷಿ ಮೇಳ

ಸ್ಟಾಲ್‌ಗಳಲ್ಲೇ ಮುಳುಗ್ಬೇಡಿ, ಮೊದ್ಲು ತಾಕುಗಳಿಗೆ ಹೋಗಿ. ಬೇರೆ ಬೇರೆ ತಳಿಗಳನ್ನ ಸಾಲಾಗಿ ಬೆಳೆಸಿ ಬೋರ್ಡ್ ಹಾಕಿರ್ತಾರೆ, ರಾಗಿ, ತೊಗರಿ, ಸೂರ್ಯಕಾಂತಿ, ಅವರೆ ಎಲ್ಲ ಗಿಡದ ಮೇಲೇ ನೋಡಬಹುದು. ರಾಗಿ ಮುಂದೆ ನಿಂತಾಗ ರಾಗಿ ವಿಜ್ಞಾನಿ ಲಕ್ಷ್ಮಣಯ್ಯನವರ ಕಥೆ ಹೇಳಿ. ಮಂಡ್ಯದ ವಿ.ಸಿ. ಫಾರ್ಮ್ ಅನ್ನೋ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೂತು ನಮ್ಮ ರಾಗಿಗೂ ಆಫ್ರಿಕಾ ರಾಗಿಗೂ ಸಂಕರ ಮಾಡಿ ಹೆಚ್ಚು ಇಳುವರಿ ಕೊಡೋ ತಳಿಗಳನ್ನ ತಂದ್ರು, ಇಂಡಿಯಾ ಆಫ್ರಿಕಾ ಎರಡೂ ಸೇರಿಸಿ ಇಂಡಾಫ್ ಅಂತ ಹೆಸರು, ಜನ ಅವರನ್ನ ರಾಗಿ ಲಕ್ಷ್ಮಣಯ್ಯ ಅಂತಾನೇ ಕರೆದ್ರು. ದಿನಾ ಮುದ್ದೆ ಮುಂದೆ ಮುಖ ತಿರುಗಿಸೋ ಮಕ್ಕಳು ಈ ಕಥೆ ಕೇಳಿದ್ಮೇಲೆ ಅಲ್ಲೇ ಮುದ್ದೆ ಊಟದ ಸಾಲಲ್ಲಿ ನಿಂತ್ಕೊಂಡಿದ್ದು ನಾನೇ ನೋಡಿದೀನಿ.

ಮೂರು ಗಂಟೆ ಮೀರಿ ಇರ್ಬೇಡಿ, ಸಾಕಾಗತ್ತೆ. ಬರ್ತಾ ಸೊಪ್ಪಿನ ಬೀಜದ ಪ್ಯಾಕೆಟ್ಟೋ, ಕರಿಬೇವಿನ ಸಸೀನೋ ಮಕ್ಕಳೇ ಆರಿಸಿ ತಗೊಳ್ಳಲಿ.

ಅವರೆ ಮೇಳದಲ್ಲಿ ತಿನ್ನೋ ಕ್ರಮ

ವಿ.ವಿ. ಪುರದ ತಿಂಡಿ ಬೀದೀಲಿ ಶುರುವಾಗಿ, ಜನ ಹಿಡಿಸದೆ ಈಚೆಗೆ ನ್ಯಾಷನಲ್ ಕಾಲೇಜ್ ಗ್ರೌಂಡಿಗೆ ಬಂದ ಮೇಳ ಇದು. ಸಾಯಂಕಾಲ ಆರರ ಮೇಲೆ ಹೋದ್ರೆ ಕ್ಯೂಲೇ ಕಾಲ ಕಳೀಬೇಕು, ನಾಲ್ಕಕ್ಕೇ ಹೋಗಿ. ಅವರೆಕಾಳು ಜಿಲೇಬಿ, ಐಸ್‌ಕ್ರೀಮು ಎಲ್ಲ ಇರತ್ತೆ, ಮಕ್ಕಳು ಅಲ್ಲಿಗೇ ಎಳೀತಾರೆ, ಒಂದು ತಗೊಂಡು ಎಲ್ಲರೂ ಹಂಚ್ಕೊಳ್ಳಿ, ಆದ್ರೆ ಹೊಟ್ಟೆ ತುಂಬಿಸೋದು ಹಿತಕಿದ ಬೇಳೆ ಸಾರು, ಅಕ್ಕಿ ರೊಟ್ಟಿ, ಅವರೆಕಾಳು ಉಪ್ಪಿಟ್ಟು, ಇವೇ ಅದರ ನಿಜವಾದ ರುಚಿ. ಅವರೆ ಸ್ವಲ್ಪ ವಾಯು, ರಾತ್ರಿ ಮಕ್ಕಳಿಗೆ ಹೊಟ್ಟೆ ಉಬ್ಬರಿಸ್ಬಾರ್ದು ಅಂದ್ರೆ ಬಿಸಿನೀರು ಜೀರಿಗೆ ಕೊಡಿ.

ಮನೆಗೆ ಎರಡು ಕೆಜಿ ಕಾಯಿ ತನ್ನಿ. ಮೂಸಿ ನೋಡಿ, ಕೈಗೆ ಅಂಟೋ ಎಣ್ಣೆ ವಾಸನೆ ಇದ್ರೇನೇ ಸೊಗಡು ಅವರೆ. ಟಿವಿ ಮುಂದೆ ಪೇಪರ್ ಹಾಸ್ಕೊಂಡು ಎಲ್ಲರೂ ಸುಲೀರಿ, ಹುಳ ಸಿಕ್ಕಿದ್ರೆ ಕಿರ್ಚಬೇಡಿ, ಎತ್ತಿ ಆಚೆ ಹಾಕಿ. ರಾತ್ರಿ ನೆನೆ ಹಾಕಿ ಬೆಳಿಗ್ಗೆ ಹಿತುಕೋ ಕೆಲಸ ಮಕ್ಕಳಿಗೇ ಬಿಡಿ, ಕಾಳು ಚಿಮ್ಮಿ ಹೋಗೋದು ಅವರಿಗೆ ಭಾರಿ ಖುಷಿ.

ಘಾಟಿ ದನಗಳ ಜಾತ್ರೆ

ಇದಕ್ಕೆ ಎಂಟು ವರ್ಷದ ಮೇಲಿನ ಮಕ್ಕಳಾದ್ರೆ ಒಳ್ಳೇದು. ಬೆಳಿಗ್ಗೆ ಬೇಗ ಹೊರಟ್ರೆ ಸುಮಾರು 60 ಕಿಲೋಮೀಟರು, ದೊಡ್ಡಬಳ್ಳಾಪುರದ ಮೇಲೆ. ಹಳ್ಳಿಕಾರ್ ತಳಿ ಎತ್ತುಗಳನ್ನ ಮೈ ತೊಳೆದು, ಕೊಂಬಿಗೆ ಅಲಂಕಾರ ಮಾಡಿ ಚಪ್ಪರದ ಕೆಳಗೆ ಕಟ್ಟಿರ್ತಾರೆ. ವ್ಯಾಪಾರ ನಡೆಯೋದು ಟವೆಲ್ ಕೆಳಗೆ, ಬೆರಳು ಹಿಡಿದು ರೇಟು ಹೇಳ್ತಾರೆ, ಸುತ್ತ ನಿಂತವರಿಗೆ ಗೊತ್ತಾಗಲ್ಲ. ವಯಸ್ಸು ಹಲ್ಲಲ್ಲಿ, ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು ಅಂತ. ಎತ್ತಿನ ಹಿಂದೆ ನಿಲ್ಲಬೇಡಿ, ಕೇಳದೆ ಮುಟ್ಟಬೇಡಿ, ಮುಖದ ಹತ್ರ ಫೋನ್ ಫ್ಲಾಷ್ ಹಾಕ್ಬೇಡಿ. "ಅಣ್ಣ, ಮುಟ್ಬೋದಾ?" ಅಂದ್ರೆ ಅವ್ರೇ ಹಗ್ಗ ಹಿಡ್ಕೊಂಡು ಮಗುವಿನ ಕೈ ಎತ್ತಿನ ಬೆನ್ನ ಮೇಲೆ ಇಡಿಸ್ತಾರೆ. ದೇವಸ್ಥಾನದಲ್ಲಿ ಒಂದೇ ಕಲ್ಲಲ್ಲಿ ಮುಂದೆ ಸುಬ್ರಹ್ಮಣ್ಯ, ಹಿಂದೆ ನರಸಿಂಹ, ಹಿಂದಿನದು ಕಾಣ್ಲಿ ಅಂತ ಕನ್ನಡಿ ಇಟ್ಟಿದಾರೆ, ಅದನ್ನ ತೋರಿಸಿ.

ನಿಜವಾದ ಹೊಲಕ್ಕೆ ಹೋಗೋದಾದ್ರೆ

ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: "ಈಗ ಹೊಲದಲ್ಲಿ ಏನಿದೆ, ನಾವು ಬಂದ್ರೆ ಮಕ್ಕಳು ಏನು ಕೆಲಸ ಮಾಡಬಹುದು?" ಇದಕ್ಕೆ ಉತ್ತರ ಬರದೆ ಸ್ವಿಮ್ಮಿಂಗ್ ಪೂಲ್ ಬಗ್ಗೆ ಹೇಳೋಕೆ ಶುರು ಮಾಡಿದ್ರೆ ಫೋನ್ ಇಡಿ. ಮೊದಲ ಫಾರ್ಮಲ್ಲಿ ನಾವು ಕಳ್ಕೊಂಡ ದುಡ್ಡಿಂದ ಕಲಿತಿದ್ದು ಇದು.

ಪರಿಚಯದ ರೈತರ ಮನೆ ಇದ್ರೆ ಅದಕ್ಕಿಂತ ದೊಡ್ಡದು ಬೇರೆ ಇಲ್ಲ, ಆದ್ರೆ ಬರಿಗೈಲಿ ಹೋಗ್ಬೇಡಿ, ಊಟಕ್ಕೆ ಹತ್ತು ಜನ ದಿಢೀರ್ ಅಂತ ಇಳೀಬೇಡಿ, ಅವರ ದಿನದ ಕೂಲಿ ಕೆಲಸ ನಮ್ಮಿಂದ ನಿಲ್ಲತ್ತೆ ಅನ್ನೋದು ನೆನಪಿರ್ಲಿ. ದ್ರಾಕ್ಷಿ ತೋಟಕ್ಕೆ ಹೋದ್ರೆ ಯಾವತ್ತು ಔಷಧಿ ಹೊಡೆದಿದ್ದು ಅಂತ ಕೇಳದೆ ಗೊಂಚಲಿಗೆ ಬಾಯಿ ಹಾಕಿಸ್ಬೇಡಿ. ಮಾವಿನ ತೋಟದಲ್ಲಿ ತೊಟ್ಟಿಂದ ಇಳಿಯೋ ಸೊನೆ ಚರ್ಮ ಸುಡತ್ತೆ, ಅದಕ್ಕೇ ಆ ಹಳೇ ಟವೆಲ್.

ದೇವನಹಳ್ಳಿ ಕಡೆ ಹೋದ್ರೆ ಚಕ್ಕೋತ ಕೇಳಿ. ಇದೇ ಊರಿನದ್ದು ಅಂತ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿರೋ ಹಣ್ಣು, ಆದ್ರೆ ಏರ್‌ಪೋರ್ಟ್ ಬಂದು ಜಮೀನು ರೇಟು ಏರಿದ್ಮೇಲೆ ಮರಗಳೇ ಕಮ್ಮಿ ಆಗಿವೆ, ಸಿಕ್ಕಿದ್ರೆ ಎರಡು ತಗೊಳ್ಳಿ. ಅಲ್ಲೇ ಹತ್ರ ನಲ್ಲೂರು ಹುಣಸೆ ತೋಪಿದೆ, 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಿದ್ದು ಇದನ್ನೇ, ಬೊಡ್ಡೆ ನೋಡಿದ್ರೆ ಮಕ್ಕಳು ಸುಮ್ಮನಾಗ್ಬಿಡ್ತಾರೆ, ಬುತ್ತಿ ಬಿಚ್ಚಿ ಮೊಸರನ್ನ ತಿನ್ನಿ, ಕಸ ವಾಪಸ್ ತನ್ನಿ.

ಮನೆಗೆ ಬಂದ್ಮೇಲೆ

ಪರಿಷೆಯಿಂದ ತಂದ ಒಣ ಕಾಯೀಲಿ ಒಂದು ಹಿಡಿ ಎತ್ತಿಡಿ, ಸುಲೀಬೇಡಿ, ಸಿಪ್ಪೆ ಸಮೇತ ಬಟ್ಟೇಲಿ ಕಟ್ಟಿ ನೇತು ಹಾಕಿ. ಹುರಿದಿದ್ದು ಮೊಳೆಯಲ್ಲ, ತಗೋವಾಗ್ಲೇ ಕೇಳ್ಕೊಳ್ಳಿ. ಜೂನ್ ಮಳೆ ಬಿದ್ದಾಗ ಸುಲಿದು, ಕೆಂಪು ಸಿಪ್ಪೆ ಕಿತ್ತು ಹೋಗದ ಬೀಜ ಆರಿಸಿ, ಅಗಲ ಬಾಯಿನ ಹಳೇ ಟಬ್ಬಲ್ಲಿ ಸಡಿಲ ಕೆಂಪು ಮಣ್ಣು, ಸ್ವಲ್ಪ ಮರಳು, ಗೊಬ್ಬರ ಹಾಕಿ ಒಂದು ಇಂಚು ಆಳಕ್ಕೆ ಊರಿ, ಬಿಸಿಲಲ್ಲಿಡಿ. ತಿಂಗಳಿಗೆ ಹಳದಿ ಹೂವು ಬರತ್ತೆ, ಆಗ ಬುಡಕ್ಕೆ ಮಣ್ಣು ಏರಿಸಿ, ತೊಟ್ಟು ಇಳಿಯೋಕೆ ಜಾಗ ಬೇಕು. ನಾಲ್ಕು ತಿಂಗಳಿಗೆ ಎಲೆ ಹಳದಿಯಾದಾಗ ಮಕ್ಕಳ ಕೈಲೇ ಕೀಳಿಸಿ. ನಮ್ಮನೆ ಟಬ್ಬಲ್ಲಿ ಮೂರು ಗಿಡದಿಂದ ಇಪ್ಪತ್ತಾರು ಕಾಯಿ ಬಂತು, ಮಾವ ಒಂದೊಂದೂ ಕಿವಿ ಹತ್ರ ಅಲ್ಲಾಡಿಸಿ ನೋಡಿ, "ಹಸಿ ಅವೆ, ಬೇಯ್ಸಿ" ಅಂದ್ರು.